ಮದುವೆ ಕವರಿನಲ್ಲಿ ಮೈಕ್ರೋಪ್ರೊಸೆಸರ್ ಕಳಿಸಿದ ಮಹನೀಯರಿಗೆ

ಮಾನ್ಯರೇ,

ತಾವು ಕಳಿಸಿದ ಪಾರ್ಸೆಲ್ ತಲುಪಿತು. ಪಾರ್ಸೆಲ್ ಎಂದರೆ ಅದಕ್ಕೆ ಗೌರವ ಹೆಚ್ಚಾದೀತು. ಯಾರದೋ ಮದುವೆಯ ಕರೆಯೋಲೆ ಬಂದಿದ್ದ ಹಳೇ ಕವರು ತಲುಪಿತು. ಮೇಲೆ ಅರಿಶಿನ ಕುಂಕುಮದ ಗುರುತು, ಬಲಮೂಲೆಯಲ್ಲಿ ಗಣಪತಿ. ಪ್ಯಾಕಿಂಗ್ ಹೊಣೆಯನ್ನು ವಿಘ್ನನಿವಾರಕನಿಗೇ ವಹಿಸಿದ್ದಿರಿ ಎಂದು ಕಾಣುತ್ತದೆ. ಕವರಿನ ಕೆಳತುದಿಯಲ್ಲಿ ಒಂದು ತೂತು, ಅದರಿಂದ ಹೊರಗೆ ಇಣುಕುತ್ತಿದ್ದ ಎರಡು ಲೋಹದ ಕಾಲು.

ಒಳಗೆ ಇದ್ದದ್ದು ಹೋಟೆಲಿನ ಟಿಶ್ಯೂ ಕಾಗದದಲ್ಲಿ ಸುತ್ತಿದ, ಬಿಳಿ ಸೆರಾಮಿಕ್ ಮೈಯ 6502. ಮಾಸ್ ಟೆಕ್ನಾಲಜಿ ಕಂಪನಿ 1975ರಲ್ಲಿ ಹೊರತಂದ ಮೈಕ್ರೋಪ್ರೊಸೆಸರ್. ಇದ್ದ 40 ಕಾಲುಗಳಲ್ಲಿ ಒಂದು ಸಾಲು ಪೂರ್ತಿ ಒಳಕ್ಕೆ ಮಡಚಿತ್ತು, ಇನ್ನೊಂದು ಸಾಲು ದಿಕ್ಕಿಗೊಂದರಂತೆ ಚಾಚಿಕೊಂಡಿತ್ತು. ಟಿಶ್ಯೂ ಜಾರದಿರಲಿ ಎಂದು ತಾವು ಸೆಲ್ಲೋಟೇಪು ಹಾಕಿದ್ದಿರಿ, ಅದನ್ನೂ ನೇರವಾಗಿ ಚಿಪ್‌ನ ಬೆನ್ನಿಗೇ. ನಾನು ಉಸಿರು ಹಿಡಿದು ಬಿಡಿಸಿದೆ. ಅರ್ಧ ಶತಮಾನ ಕಾಲ ಸೆರಾಮಿಕ್ಕಿನ ಮೇಲೆ ಕೂತಿದ್ದ ಅಕ್ಷರಗಳು ಟೇಪಿನ ಕಡೆಗೆ ಪಕ್ಷಾಂತರ ಮಾಡಿದವು. ಈಗ ನನ್ನ ಮೇಜಿನ ಮೇಲೆ ಹೆಸರಿಲ್ಲದ ಚಿಪ್ ಒಂದು, ಚಿಪ್ ಇಲ್ಲದ ಹೆಸರು ಒಂದು ಇವೆ. ಒಂದರ ದುಡ್ಡಿಗೆ ಎರಡು ವಸ್ತು ಕೊಟ್ಟಿದ್ದೀರಿ, ಧನ್ಯವಾದ.

ಆ ಅಕ್ಷರಗಳಲ್ಲಿ ಏನಿತ್ತು ಎಂದು ತಮಗೆ ಗೊತ್ತಿದ್ದೇ ಇದೆ, ಏಕೆಂದರೆ ಬೆಲೆ ಹೇಳುವಾಗ ಅದನ್ನೇ ನಾಲ್ಕು ಸಲ ಹೇಳಿದ್ದಿರಿ. ಚಿಪ್ ಯಾವ ವರ್ಷದ ಯಾವ ವಾರ ತಯಾರಾಯಿತು ಎಂದು ಹೇಳುವ ನಾಲ್ಕು ಅಂಕಿಗಳವು. 1976ರ ಮಧ್ಯಕ್ಕೆ ಮುಂಚಿನ 6502ಗಳಲ್ಲಿ ಆರ್‌ಒಆರ್ ಎಂಬ ಒಂದು ಆಜ್ಞೆ ಇರಲಿಲ್ಲ. ಬೈಟಿನ ಅಂಕಿಗಳನ್ನು ಎಡಕ್ಕೆ ಸುತ್ತಿಸಬಹುದಿತ್ತು, ಬಲಕ್ಕೆ ಆಗುತ್ತಿರಲಿಲ್ಲ. ಸಂಗ್ರಾಹಕರ ಲೋಕದ ವಿಚಿತ್ರ ನೋಡಿ, ಊನ ಇರುವ ಚಿಪ್‌ಗೇ ಬೆಲೆ ಜಾಸ್ತಿ. ಊನ ಇದೆಯೆಂಬುದಕ್ಕೆ ಮೈಮೇಲಿನ ಆ ಅಂಕಿಗಳೇ ಜಾತಕ. ತಾವು ಜಾತಕ ಕಿತ್ತು ವರನನ್ನು ಕಳಿಸಿದ್ದೀರಿ.

ಚಿಪ್ಪನ್ನು ಹೀಗೆ ಅಸಡ್ಡೆಯಿಂದ ಮಾರುವುದಕ್ಕೂ ಒಂದು ಪರಂಪರೆ ಇದೆ ಎಂದು ತಾವು ವಾದಿಸಬಹುದು. ಇದೇ 6502 ಮೊದಲು ಮಾರಾಟಕ್ಕೆ ಬಂದದ್ದು 1975ರ ಸೆಪ್ಟೆಂಬರಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ವೆಸ್ಕಾನ್ ಮೇಳದ ಹೊತ್ತಿಗೆ. ಮೇಳದೊಳಗೆ ಮಾರಲು ಬಿಡದ ಕಾರಣ ಚಕ್ ಪೆಡಲ್ ಮತ್ತು ಸಂಗಡಿಗರು ಹತ್ತಿರದ ಹೋಟೆಲಿನ ಕೋಣೆಯಲ್ಲಿ ಅಂಗಡಿ ತೆರೆದು, ಗಾಜಿನ ಭರಣಿಗಳಲ್ಲಿ ಚಿಪ್ ತುಂಬಿಟ್ಟು, 25 ಡಾಲರಿಗೆ ಒಂದರಂತೆ ಕೊಟ್ಟರು. ಭರಣಿಯಲ್ಲಿದ್ದವೆಲ್ಲ ಕೆಲಸ ಮಾಡುವಂಥವಲ್ಲ, ಬೇಕಾದಷ್ಟು ಸರಕು ಇದೆಯೆಂದು ಜನರಿಗೆ ತೋರಲಿ ಎಂಬ ಉಪಾಯ ಎಂಬ ಮಾತು ಆಮೇಲೆ ಬಂತು. ಸ್ಟೀವ್ ವೋಜ್ನಿಯಾಕ್ ಮೊದಲ ಆಪಲ್ ಕಂಪ್ಯೂಟರ್ ಕಟ್ಟಿದ್ದು ಆ ಮೇಳದಲ್ಲಿ ಕೊಂಡ 6502 ಇಟ್ಟುಕೊಂಡೇ. ಹಾಗಿದ್ದರೂ, ಮಾನ್ಯರೇ, ಅವರು ಭರಣಿಯಿಂದ ತೆಗೆದು ಕೈಗೆ ಕೊಟ್ಟರು. ಅಂಚೆ ಡಬ್ಬಿಗೆ ಎಸೆಯಲಿಲ್ಲ.

ಫೋನಿನಲ್ಲಿ ತಾವು ಹೇಳಿದ ಮೊದಲ ಮಾತು: “ಅಯ್ಯೋ, ಅದನ್ನು ಶೋಕೇಸಿನಲ್ಲಿ ಇಡೋದು ತಾನೇ? ಕೆಲಸ ಮಾಡಿದರೆಷ್ಟು, ಬಿಟ್ಟರೆಷ್ಟು?” ಒಪ್ಪಿದೆ. ಶೋಕೇಸಿನಲ್ಲಿ ಇಡುವುದಕ್ಕೇ ಕಾಲು ನೆಟ್ಟಗಿರಬೇಕು, ಮುಚ್ಚಳ ಗೀರಿಲ್ಲದೆ ಹೊಳೆಯಬೇಕು. ಮಾರುವ ಮುಂಚೆ ತಾವೇ ಕಪ್ಪು ಮಖಮಲ್ಲಿನ ಮೇಲಿಟ್ಟು, ದೀಪ ಹೊಂದಿಸಿ, ಎಂಟು ಕೋನಗಳಿಂದ ಫೋಟೊ ತೆಗೆದಿದ್ದಿರಿ. ಆ ಮಖಮಲ್ಲು ಫೋಟೊಗೆ ಮಾತ್ರ ಎಂದು ನನಗೆ ಹೊಳೆಯಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆ ಮಾಡಿದವರು ತಮ್ಮ ಅಂಗಡಿ ಮುಂದೆ ಒಮ್ಮೆ ಹಾದುಹೋಗಿರಬೇಕು.

ಎರಡನೆಯ ಮಾತು: “ತಪ್ಪೆಲ್ಲ ಅಂಚೆಯವರದು.” ಅಂಚೆಯಣ್ಣನನ್ನು ಇದರಲ್ಲಿ ಎಳೆಯಬೇಡಿ. ಕಾಗದದ ಕವರನ್ನು ಅವರು ಕಾಗದದ ಕವರಿನಂತೆಯೇ ನೋಡಿಕೊಂಡಿದ್ದಾರೆ. ಕಟ್ಟು ಕಟ್ಟಿದ್ದಾರೆ, ಚೀಲಕ್ಕೆ ಹಾಕಿದ್ದಾರೆ, ಚೀಲದ ಮೇಲೆ ಚೀಲ ಪೇರಿಸಿದ್ದಾರೆ, ಕೊನೆಗೆ ದಿನಾಂಕದ ಮುದ್ರೆಯನ್ನು ಎತ್ತಿ ಒಂದು ಹೊಡೆದಿದ್ದಾರೆ. ಆ ಮುದ್ರೆ ಸರಿಯಾಗಿ ಚಿಪ್ ಉಬ್ಬಿದ್ದ ಜಾಗದ ಮೇಲೇ ಬಿದ್ದಿದೆ; ಮುದ್ರೆ ಚೆನ್ನಾಗಿ ಮೂಡುವುದಕ್ಕೆ ಗಟ್ಟಿ ಜಾಗ ಬೇಕಲ್ಲ, ಇಡೀ ಕವರಿನಲ್ಲಿ ಗಟ್ಟಿ ಎಂದರೆ ಅದೊಂದೇ. ಪಕ್ಕದಲ್ಲಿ ತಾವು ಕೆಂಪು ಪೆನ್ನಿನಲ್ಲಿ “ಎಚ್ಚರಿಕೆ, ಒಡೆಯುವ ವಸ್ತು” ಎಂದು ಬರೆದು ಗಾಜಿನ ಲೋಟದ ಚಿತ್ರವನ್ನೂ ಬಿಡಿಸಿದ್ದಿರಿ. ಲೋಟ ಚೆನ್ನಾಗಿ ಬಂದಿದೆ. ಅದಕ್ಕೆ ಮಾತ್ರ ಏನೂ ಆಗಿಲ್ಲ.

ಮೂರನೆಯದು ದುಡ್ಡು ವಾಪಸ್ ಕೊಡುವ ಔದಾರ್ಯ. ಊರೆಲ್ಲ ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಇಂಟೆಲ್ ಕಂಪನಿ 1971ರ ನವೆಂಬರಿನಲ್ಲಿ ಜಾಹೀರಾತು ಕೊಟ್ಟು ಮಾರಿದ 4004 ಚಿಪ್ ಒಂದನ್ನು ತಾವು ಮುರಿದರೆ, ಇನ್ನೊಂದು ಮಾಡಿಕೊಡಿ ಎಂದು ಯಾವ ಕಾರ್ಖಾನೆಗೆ ಬರೆಯಲಿ? ನಮ್ಮದೇ ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 1989ರಲ್ಲಿ ಬೆಂಕಿಗೆ ಆಹುತಿಯಾಯಿತು; ಅದಕ್ಕೂ ಮುಂಚೆ ಅಲ್ಲಿ ತಯಾರಾದ ಐಸಿ ಯಾರದಾದರೂ ಅಟ್ಟದಲ್ಲಿ ಸಿಕ್ಕರೆ ಅದರ ಜೋಡಿ ತರುವುದೆಲ್ಲಿಂದ? ಗುಜರಿಯವರಾದರೂ ವಾಸಿ. ಬೆಂಗಳೂರಿನ ಎಸ್.ಪಿ. ರೋಡಿನ ಸಂದಿಗಳಲ್ಲಿ ಹಳೇ ಬೋರ್ಡುಗಳನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುವವರು ಚಿನ್ನಕ್ಕಾಗಿ ಚಿಪ್ ಕರಗಿಸುತ್ತೇವೆಂದು ಮುಖದ ಮೇಲೇ ಹೇಳುತ್ತಾರೆ. ತಾವು ಕಾಪಾಡುತ್ತೇನೆಂದು ಹೇಳಿ ಅದೇ ಫಲ ಕೊಡುತ್ತೀರಿ.

ಕಣ್ಣಿಗೆ ಕಾಣುವ ಹಾನಿಯ ಮಾತಾಯಿತು. ಕಾಣದ್ದರ ವಿಚಾರ ಇನ್ನೂ ಸೊಗಸು. ಇಂಥ ಹಳೆಯ ಚಿಪ್‌ಗಳೊಳಗೆ ಕೂದಲೆಳೆಗಿಂತ ನೂರಾರು ಪಟ್ಟು ತೆಳುವಾದ, ಗಾಜಿನಂಥ ಒಂದು ಪದರ ಇರುತ್ತದೆ. ಮೈಯಲ್ಲಿ ಕೂತ ಸ್ಥಾಯಿ ವಿದ್ಯುತ್ತು ಕಾಲಿನ ಮೂಲಕ ನುಗ್ಗಿದರೆ ಆ ಪದರ ತೂತಾಗುತ್ತದೆ. ಚುರ್ರೆಂದು ಕೈಗೆ ಕಿಡಿ ತಾಗಿದ್ದು ನಮಗೆ ಗೊತ್ತಾಗಬೇಕಾದರೆ ಸುಮಾರು 3000 ವೋಲ್ಟ್ ಬೇಕು. ಹಳೇ ಚಿಪ್ ಸಾಯಲು ಕೆಲವೇ ನೂರು ವೋಲ್ಟ್ ಸಾಕು. ಅಂದರೆ ಕೊಲೆ ನಡೆದದ್ದು ಕೊಂದವರಿಗೇ ತಿಳಿಯುವುದಿಲ್ಲ. ಮಳೆಗಾಲದ ಒದ್ದೆ ಹವೆಯಲ್ಲಿ ಹೇಗೋ ಬಚಾವು, ಶಿವರಾತ್ರಿ ಹೊತ್ತಿನ ಒಣ ಹವೆಯಲ್ಲಿ ಸಿಂಥೆಟಿಕ್ ಸ್ವೆಟರ್ ಹಾಕಿಕೊಂಡು ಚಿಪ್ ಕಾಲು ಸವರುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಇದಕ್ಕೆ ತಮ್ಮ ಬಳಗದವರು ಕಂಡುಕೊಂಡ ಪರಿಹಾರ ಥರ್ಮೋಕೋಲ್. ಚೆನ್ನಾಗಿ ಹೊಳೆಯಿತು! ಮುರಿದರೆ ಚೂರುಗಳು ಕೈ ಬಿಟ್ಟು ಹೋಗದೆ ಅಂಟಿಕೊಳ್ಳುತ್ತವಲ್ಲ, ಅಂಟಿಸುವುದು ಇದೇ ಸ್ಥಾಯಿ ವಿದ್ಯುತ್ತು. ಅದರೊಳಕ್ಕೇ ಚಿಪ್ ಕಾಲು ಚುಚ್ಚಿ ಕಳಿಸುತ್ತೀರಿ. ಇನ್ನು ಕೆಲವರು ಗುಲಾಬಿ ಬಣ್ಣದ ಕವರಿಗೆ ಹಾಕಿ, ಇದು ಆಂಟಿಸ್ಟ್ಯಾಟಿಕ್ ಎಂದು ಬೀಗುತ್ತಾರೆ. ಆ ಗುಲಾಬಿ ಕವರು ತಾನು ವಿದ್ಯುತ್ತು ಹುಟ್ಟಿಸುವುದಿಲ್ಲ, ಅಷ್ಟೇ; ಹೊರಗಿನಿಂದ ಬಂದದ್ದನ್ನು ತಡೆಯುವುದಿಲ್ಲ. ತಡೆಯುವುದು ಒಳಗೆ ಲೋಹದ ಲೇಪ ಇರುವ, ಬೂದು ಮಿಶ್ರಿತ ಬೆಳ್ಳಿ ಬಣ್ಣದ ಕವರು. ಹೊಸ ಹಾರ್ಡ್ ಡಿಸ್ಕ್ ಕೊಂಡಾಗ ಮನೆಗೆ ಬಿಟ್ಟಿ ಬರುತ್ತದೆ. ತಾವು ಅದರಲ್ಲಿ ಸ್ಕ್ರೂ ತುಂಬಿಟ್ಟಿರುತ್ತೀರಿ.

ಹಿರಿಯ ಮಾರಾಟಗಾರರೊಬ್ಬರು “ಮೂಲ ಫೋಮಿನಲ್ಲೇ ಇದೆ, 1980ರಿಂದ ಕೈಯೇ ತಾಗಿಸಿಲ್ಲ” ಎಂದು ಹೆಮ್ಮೆಯಿಂದ ಕಳಿಸಿದ ಚಿಪ್ ಒಂದನ್ನು ನೋಡಿದ್ದೇನೆ. ಆ ಕಾಲದ ಕಪ್ಪು ಫೋಮು ವಯಸ್ಸಾದಂತೆ ಕೊಳೆತು ಡಾಂಬರಿನಂತೆ ಅಂಟಂಟಾಗುತ್ತದೆ, ಲೋಹವನ್ನು ತಿನ್ನುತ್ತದೆ. ಕಾಲುಗಳಿಗೆ ಹಸಿರು ಕಿಲುಬು ಹತ್ತಿ, ಫೋಮಿನಿಂದ ಎಳೆದಾಗ ಎರಡು ಅಲ್ಲೇ ಉಳಿದವು. ಕೈ ತಾಗಿಸಿದ್ದರೆ ಉಳಿಯುತ್ತಿತ್ತು.

ಕಿಟಕಿ ಇರುವ ಚಿಪ್‌ಗಳ ಕಥೆ ಹೇಳದಿದ್ದರೆ ಈ ಪತ್ರ ಅಪೂರ್ಣ. 1971ರಲ್ಲಿ ಇಂಟೆಲ್‌ನ ಡೋವ್ ಫ್ರೋಮನ್ ರೂಪಿಸಿದ ಈಪ್ರಾಮ್‌ಗಳ ನೆತ್ತಿಯ ಮೇಲೆ ಸ್ಫಟಿಕದ ಒಂದು ಗುಂಡನೆ ಕಿಟಕಿ ಇರುತ್ತದೆ. ನೇರಳಾತೀತ ಬೆಳಕು ಬಿಟ್ಟರೆ ಒಳಗೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ನೇರ ಬಿಸಿಲಿಗೆ ಒಂದು ವಾರ ಇಟ್ಟರೂ ಅದೇ ಗತಿ. ಅದಕ್ಕೇ ಕಿಟಕಿಯ ಮೇಲೆ ಬೆಳಕು ಬಿಡದ ಒಂದು ಲೇಬಲ್ ಅಂಟಿಸುತ್ತಿದ್ದರು. ಅದರ ಮೇಲೆ ಯಾವ ಯಂತ್ರದ್ದು, ಎಷ್ಟನೇ ಆವೃತ್ತಿ ಎಂದು ಪೆನ್ನಿನಲ್ಲಿ ಬರೆದಿರುತ್ತಿತ್ತು. ಇಂಥದ್ದೊಂದು ತಮ್ಮಂಥವರ ಕೈಗೆ ಸಿಕ್ಕಿತು. ಅವರು ಲೇಬಲ್ ಕಿತ್ತರು, ಥಿನ್ನರಿನಿಂದ ಅಂಟು ಒರೆಸಿದರು, ಕಿಟಕಿ ಹೊಳೆಯುವಂತೆ ಬಿಸಿಲಿನಲ್ಲಿಟ್ಟು ಫೋಟೊ ತೆಗೆದರು, ಪಾರದರ್ಶಕ ಡಬ್ಬಿಗೆ ಹಾಕಿ ಕಳಿಸಿದರು. “ಶುಚಿಗೊಳಿಸಲಾಗಿದೆ” ಎಂದು ಚೀಟಿ ಬೇರೆ. ನಿಜ, ಪೂರ್ತಿ ಶುಚಿ.

ಮಿತಿ ಮೀರಿ ಪ್ಯಾಕ್ ಮಾಡುವವರ ಪಂಗಡವೂ ಒಂದಿದೆ. ಇವರು ಕಂದು ಟೇಪಿನ ಒಂದು ಉರುಳೆಯನ್ನು ಒಂದೇ ಚಿಪ್‌ಗೆ ಖರ್ಚು ಮಾಡುತ್ತಾರೆ. ಬಿಚ್ಚಲು ಅಡುಗೆಮನೆಯ ಚಾಕು ಬೇಕಾಗುತ್ತದೆ, ಆ ಚಾಕು ಒಳಗಿನ ಫೋಮನ್ನು ದಾಟಿದ್ದು ಗೊತ್ತಾಗುವುದು ‘ಕರಕ್’ ಎಂದಾಗ. ಪ್ಲಾಸ್ಟಿಕ್ ಕೊಳವೆಯಲ್ಲಿ ಒಂದೇ ಒಂದು ಚಿಪ್ ಹಾಕಿ ಎರಡೂ ತುದಿ ಮುಚ್ಚುವವರೂ ಈ ಪಂಗಡದವರೇ. ಸಾಲಾಗಿ ತುಂಬಿದ್ದರೆ ಕೊಳವೆ ಒಳ್ಳೆಯದೇ. ಒಂದೇ ಹಾಕಿದರೆ ದಾರಿಯುದ್ದಕ್ಕೂ ಆ ತುದಿಯಿಂದ ಈ ತುದಿಗೆ ಓಡಾಡಿ ಸೆರಾಮಿಕ್ಕಿನ ಮೂಲೆ ಒಡೆದುಕೊಳ್ಳುತ್ತದೆ. ಎರಡೂ ಪಕ್ಕ ಒಂದೊಂದು ತುಂಡು ಫೋಮ್ ತುರುಕಿದ್ದರೆ ಆಗುತ್ತಿತ್ತು.

ತಮಗೆ ಇದನ್ನೆಲ್ಲ ಹೇಳಿಕೊಡಲು ವಿಜ್ಞಾನಿ ಬೇಡ. ಅಮೆರಿಕದ ಮಗನಿಗೆ ಮಾವಿನ ಮಿಡಿ ಉಪ್ಪಿನಕಾಯಿ ಕಳಿಸುವ ಯಾವ ತಾಯಿಯನ್ನು ಬೇಕಾದರೂ ಕೇಳಿ. ಸೀಸೆಯ ಬಾಯಿಗೆ ಪ್ಲಾಸ್ಟಿಕ್, ಅದರ ಮೇಲೆ ಮುಚ್ಚಳ, ಸೀಸೆಗೆ ಕವರು, ಕವರಿಗೆ ಇನ್ನೊಂದು ಕವರು, ಆಮೇಲೆ ಸೂಟ್‌ಕೇಸಿನ ನಟ್ಟನಡುವೆ ಸೀರೆ ಟವೆಲುಗಳ ಮಧ್ಯೆ. ಒಳಗಿನದು ಅಲ್ಲಾಡಬಾರದು, ಹೊರಗಿನ ಪೆಟ್ಟು ಅದಕ್ಕೆ ಮುಟ್ಟಬಾರದು. ಅವರಿಗೆ ಗೊತ್ತಿರುವುದು ಇಷ್ಟೇ, ಒಂದು ಹನಿ ಎಣ್ಣೆ ಸೋರುವುದಿಲ್ಲ.

ಚಿಪ್‌ಗೆ ಇದಕ್ಕಿಂತ ಕಡಿಮೆ ಶ್ರಮ ಸಾಕು. ಇಂಗಾಲ ಬೆರೆಸಿದ ಹೊಸ ಕಪ್ಪು ಫೋಮ್, ಗಟ್ಟಿ ಜಾತಿಯದು, ಕಾಲಿನ ಉದ್ದಕ್ಕಿಂತ ದಪ್ಪ ಇರಲಿ; ತೆಳುವಾದರೆ ಕಾಲು ಆಚೆ ಬದಿಗೆ ತೂರಿ ಕವರನ್ನು ಚುಚ್ಚುತ್ತದೆ. ಫೋಮಿನ ಅಂಚು ಚಿಪ್‌ನ ನಾಲ್ಕೂ ಕಡೆ ಒಂದು ಬೆರಳಗಲ ಹೊರಗೆ ಚಾಚಿರಲಿ. ಚಿನ್ನದ ಮುಚ್ಚಳದ ಮೇಲೆ ಹೆಬ್ಬೆರಳು ಒತ್ತದೆ, ಎರಡು ತುದಿ ಹಿಡಿದು ಸಮನಾಗಿ ಇಳಿಸಿ. ಕಾಲುಗಳನ್ನು ಸೆರಾಮಿಕ್ಕಿನ ಪಕ್ಕಕ್ಕೆ ಬೆಸೆದ ಚಿಪ್ ಆದರೆ ಇನ್ನೂ ಮೆತ್ತಗೆ, ಅಲ್ಲಿ ಒಮ್ಮೆ ಬಗ್ಗಿದ ಕಾಲನ್ನು ನೆಟ್ಟಗೆ ಮಾಡಹೋದರೆ ಬುಡದಲ್ಲೇ ಮುರಿಯುತ್ತದೆ. ಫೋಮ್ ಸಮೇತ ಆ ಬೆಳ್ಳಿ ಕವರಿಗೆ ಹಾಕಿ, ಎರಡು ಗಟ್ಟಿ ರಟ್ಟಿನ ನಡುವೆ ಇಟ್ಟು, ಬಬಲ್ ರ‍್ಯಾಪ್ ಸುತ್ತಿ, ರಟ್ಟಿನ ಡಬ್ಬದಲ್ಲಿ ಕೂರಿಸಿ. ಡಬ್ಬ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದಾಗ ಸದ್ದು ಬಂದರೆ ಇನ್ನಷ್ಟು ಕಾಗದ ತುರುಕಿ. ಟೇಪು ಡಬ್ಬಕ್ಕೆ ಮಾತ್ರ. ಫೋಮ್ ಸಿಗಲೇ ಇಲ್ಲ ಎನ್ನುವವರು ಥರ್ಮೋಕೋಲಿಗೆ ಚಪಾತಿ ಸುತ್ತುವ ಅಲ್ಯೂಮಿನಿಯಂ ಫಾಯಿಲ್ ಹೊದಿಸಿ ಅದರ ಮೇಲೆ ಚುಚ್ಚಿ. ಎಲ್ಲ ಕಾಲುಗಳೂ ಒಂದಕ್ಕೊಂದು ಸೇರಿಕೊಂಡರೆ ವಿದ್ಯುತ್ತಿಗೆ ನುಗ್ಗಲು ದಾರಿ ಇರುವುದಿಲ್ಲ. ಇಷ್ಟೆಲ್ಲಕ್ಕೂ ಆಗುವ ಖರ್ಚು ಚಿಪ್ ಬೆಲೆಯಲ್ಲಿ ಚಿಲ್ಲರೆ. ಅದನ್ನೂ ನನ್ನ ಲೆಕ್ಕಕ್ಕೇ ಬರೆದುಕೊಳ್ಳಿ, ಬೇಸರವಿಲ್ಲ.

ಪತ್ರದಲ್ಲಿ ತಮ್ಮ ಹೆಸರು ಹಾಕಿಲ್ಲ. ಹಾಕಿದರೆ ಉಳಿದ ಮಾರಾಟಗಾರರು ಇದು ತಮಗಲ್ಲ ಎಂದು ನಿಶ್ಚಿಂತರಾಗಿಬಿಡುತ್ತಾರೆ.

ಕೊನೆಯದಾಗಿ ಒಂದು ವಿನಂತಿ. ನನಗೆ ಸಮಾಧಾನವಾಗಲಿ ಎಂದು ತಮ್ಮಲ್ಲಿರುವ ಪೆಂಟಿಯಂ ಪ್ರೊ ಒಂದನ್ನು ಸೋಮವಾರ ಉಚಿತವಾಗಿ ಕಳಿಸುವುದಾಗಿ ಹೇಳಿದ್ದೀರಿ. ಅದಕ್ಕೆ 387 ಕಾಲು. ದಯಮಾಡಿ ಅದನ್ನು ಇದ್ದ ಜಾಗದಿಂದ ಎತ್ತಬೇಡಿ, ಸುತ್ತಬೇಡಿ, ಅದರ ಹತ್ತಿರ ಟೇಪು ತರಬೇಡಿ. ತಮ್ಮ ಊರಿಗೆ ರಾತ್ರಿ ರೈಲಿದೆ. ಫೋಮು, ಡಬ್ಬ ಹಿಡಿದುಕೊಂಡು ನಾನೇ ಬರುತ್ತೇನೆ.

ಇಂತಿ,
ತಮ್ಮ ಗಿರಾಕಿ