ಕೆಸುವಿನ ಕಡೆಯ ನೆಂಟರು

ಅನಾನಸ್ ಹಾಕಿದ ಪಿಜ್ಜಾಕ್ಕೆ ‘ಹವಾಯಿಯನ್ ಪಿಜ್ಜಾ’ ಎಂಬ ಹೆಸರಿದೆ. ಹವಾಯಿ ದ್ವೀಪಗಳಿಗೂ ಆ ಪಿಜ್ಜಾಕ್ಕೂ ಯಾವ ಸಂಬಂಧವೂ ಇಲ್ಲ. 1962ರಲ್ಲಿ ಕೆನಡಾದ ಚಾಥಮ್ ಎಂಬ ಊರಿನಲ್ಲಿ ಹೋಟೆಲು ಇಟ್ಟುಕೊಂಡಿದ್ದ ಗ್ರೀಸ್ ಮೂಲದ ಸ್ಯಾಮ್ ಪನೋಪುಲೋಸ್ ಎಂಬವರು, ನೋಡೇಬಿಡೋಣ ಎಂದು ಡಬ್ಬಿಯ ಅನಾನಸ್ ಚೂರುಗಳನ್ನು ಪಿಜ್ಜಾದ ಮೇಲೆ ಸುರಿದರು. ಡಬ್ಬಿಯ ಮೇಲಿದ್ದ ಹೆಸರು ಪಿಜ್ಜಾದ ಮೇಲೂ ಕೂತಿತು. ಆ ಅನಾನಸ್ಸಾದರೂ ಹವಾಯಿಯದೇ ಎಂದರೆ, ಅದರ ತವರು ದಕ್ಷಿಣ ಅಮೆರಿಕ. ಇಷ್ಟೆಲ್ಲ ತಿಳಿದುಕೊಂಡ ಮೇಲೂ, ಹೊನೊಲುಲುವಿನಲ್ಲಿರುವ ಮಗಳ ಮನೆಗೆ ಹೊರಟಾಗ ನನ್ನ ಮನಸ್ಸಿನಲ್ಲಿದ್ದದ್ದು ಅನಾನಸ್ಸೇ. ಜಾಹೀರಾತಿನ ಮುಂದೆ ಜ್ಞಾನದ ಆಟ ನಡೆಯುವುದಿಲ್ಲ.

ಮಗಳು ಮೊದಲ ಪಾಠ ಹೇಳಿದ್ದು ಕಾರಿನಲ್ಲಿ. “ಅಪ್ಪ, ಇಲ್ಲಿ ಲೋಕಲ್ ಫುಡ್ ಬೇರೆ, ಹವಾಯಿಯನ್ ಫುಡ್ ಬೇರೆ. ಹೋಟೆಲಲ್ಲಿ ಹೋಗಿ ಎರಡನ್ನೂ ಕಲಸಿ ಮಾತಾಡ್ಬೇಡ.” ಲೋಕಲ್ ಎಂದರೆ ಕಬ್ಬಿನ ತೋಟಗಳ ಊಟ. 1852ರಿಂದ ಚೀನಾದವರು, 1878ರಿಂದ ಪೋರ್ಚುಗೀಸರು, 1885ರಿಂದ ದೊಡ್ಡ ಸಂಖ್ಯೆಯಲ್ಲಿ ಜಪಾನಿನವರು, 1903ರಿಂದ ಕೊರಿಯಾದವರು, 1906ರಿಂದ ಫಿಲಿಪೀನ್ಸಿನವರು, ಹೀಗೆ ಹಡಗು ಹಡಗು ಕೂಲಿಯಾಳುಗಳು ಬಂದು ಇಳಿದರು. ಕಬ್ಬಿನ ಗದ್ದೆಯ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚಿದಾಗ ಒಬ್ಬರದು ಇನ್ನೊಬ್ಬರಿಗೆ ದಾಟಿತು. ಆ ಬುತ್ತಿಯ ಮೊಮ್ಮಗನೇ ಇಂದಿನ ‘ಪ್ಲೇಟ್ ಲಂಚ್’: ಎರಡು ಗುಂಡು ಅನ್ನ, ಒಂದು ಗುಂಡು ಮ್ಯಾಕರೋನಿ ಸಲಾಡ್, ಪಕ್ಕದಲ್ಲಿ ಯಾವುದಾದರೊಂದು ದೇಶದ ಮಾಂಸ. ಇದರ ಜೊತೆ ಎರಡನೇ ಮಹಾಯುದ್ಧದ ಸಿಪಾಯಿಗಳ ಹಿಂದೆ ಬಂದು ಮರಳಿ ಹೋಗದೆ ಉಳಿದ ಡಬ್ಬಿಮಾಂಸ ಸ್ಪ್ಯಾಮ್. ಅದರ ಬಿಲ್ಲೆಯನ್ನು ಹುರಿದು, ಅನ್ನದ ಇಟ್ಟಿಗೆಯ ಮೇಲೆ ಮಲಗಿಸಿ, ಕಡಲಪಾಚಿಯ ಪಟ್ಟಿ ಸುತ್ತಿ ಪೆಟ್ರೋಲ್ ಬಂಕಿನ ಅಂಗಡಿಯಲ್ಲೂ ಮಾರುತ್ತಾರೆ. ಅಮೆರಿಕದ ಡಬ್ಬಿ, ಜಪಾನಿನ ಉಡುಗೆ.

ಹವಾಯಿಯನ್ ಫುಡ್ ಎಂದರೆ ಇವರೆಲ್ಲರಿಗಿಂತ ಮೊದಲು ದೋಣಿ ಹತ್ತಿ ಬಂದ ಪಾಲಿನೇಷಿಯನ್ ಜನರ ಊಟ. ಅದನ್ನು ವೈಕಿಕಿ ಕಡಲತೀರದಲ್ಲಿ ಬೆಂಕಿಯ ಕುಣಿತದ ಜೊತೆ ಬಡಿಸುತ್ತಾರೆ. ಮಗಳ ಪ್ರಕಾರ ಅಲ್ಲಿ ಕುಣಿತಕ್ಕೆ ಹೆಚ್ಚು ರುಚಿ. ಆದ್ದರಿಂದ ನಮ್ಮನ್ನು ಒಂದು ಶುಕ್ರವಾರ ಸಂಜೆ ಅವಳು ಕರೆದೊಯ್ದದ್ದು ಕಲಿಹಿ ಬಡಾವಣೆಯ ಒಂದು ಚಿಕ್ಕ ಹೋಟೆಲಿಗೆ. ಕಲಿಹಿ ದುಡಿಯುವ ಜನರ ಬಡಾವಣೆ. ಇದೇ ಬಡಾವಣೆಯಲ್ಲಿ ಹೆಲೆನ್ ಚಾಕ್ ಎಂಬಾಕೆ 1946ರಲ್ಲಿ ಶುರು ಮಾಡಿದ ‘ಹೆಲೆನಾಸ್’ ಎಂಬ ಹೋಟೆಲು ಈಗಲೂ ಇದೆ. 2000ದಲ್ಲಿ ಜೇಮ್ಸ್ ಬಿಯರ್ಡ್ ಪ್ರಶಸ್ತಿ, ಅಂದರೆ ಅಮೆರಿಕದ ಅಡುಗೆಯವರ ಪಾಲಿನ ಜ್ಞಾನಪೀಠ, ಅದನ್ನು ಹುಡುಕಿಕೊಂಡು ಬಂತು.

ನಾವು ಹೋದ ಹೋಟೆಲಿಗೆ ಅಂಥ ಪ್ರಶಸ್ತಿಯೇನೂ ಬಂದಂತಿರಲಿಲ್ಲ. ಗೋಡೆಯ ಮೇಲೆ ಇದ್ದದ್ದು ಒಂದು ಕ್ಯಾಲೆಂಡರ್, ಯಾರದೋ ಹೈಸ್ಕೂಲು ಫುಟ್‌ಬಾಲ್ ತಂಡದ ಫೋಟೋ, ‘ಪೋಯಿ ಇವತ್ತು ಇದೆ’ ಎಂಬ ಕೈಬರಹದ ಚೀಟಿ. ಗಿರಾಕಿಗಳೆಲ್ಲ ಹೂವಿನ ಅಂಗಿಯವರು. ಪ್ರವಾಸಿಗಳಿರಬೇಕು ಎಂದುಕೊಂಡೆ, ಅಳಿಯ ತಿದ್ದಿದ: “ಇಲ್ಲ ಮಾವ, ಬ್ಯಾಂಕಿನವ್ರು, ಕೋರ್ಟಿನವ್ರು. ಇಲ್ಲಿ ಆಫೀಸಿಗೇ ಹೀಗೆ ಬರ್ತಾರೆ.” ಬಡಿಸುತ್ತಿದ್ದ ಹಿರಿಯ ಹೆಂಗಸನ್ನು ಎಲ್ಲರೂ ‘ಆಂಟಿ’ ಎನ್ನುತ್ತಿದ್ದರು. ನಮ್ಮ ಬೆಂಗಳೂರಿನಲ್ಲಿ ಹಾಗೆ ಕರೆದರೆ ಮುಖ ಕೆಂಪಾಗುತ್ತದೆ. ಅಲ್ಲಿ ಆಂಟಿ ಅನ್ನಿಸಿಕೊಳ್ಳುವುದು ಒಂದು ಪದವಿ. ಆಕೆಯೂ ನನ್ನನ್ನು ‘ಅಂಕಲ್’ ಎಂದು ಕರೆದು, ಒಂದೇ ಮಾತಿನಲ್ಲಿ ನಮ್ಮನ್ನು ಮನೆಯವರನ್ನಾಗಿ ಮಾಡಿಕೊಂಡಳು.

ಊಟ ಹೇಳುವ ಹೊತ್ತಿಗೆ ಒಂದು ಧರ್ಮಸೂಕ್ಷ್ಮ ಎದುರಾಯಿತು. ನಾವು ತೀರ್ಥಹಳ್ಳಿ ಕಡೆಯ ಗೌಡರು. ಹಂದಿ ಮಾಂಸವೂ ಅಕ್ಕಿ ಕಡುಬೂ ಸೇರಿದ ಊಟಕ್ಕೆ ಎರಡು ಮೈಲಿ ನಡೆಯುವ ಜನ. ಆದರೆ ನನ್ನ ಹೆಂಡತಿ ಶನಿವಾರ ಮಾಂಸ ಮುಟ್ಟುವುದಿಲ್ಲ, ತಿಮ್ಮಪ್ಪನ ಹರಕೆ. ಹೊನೊಲುಲು ನಮ್ಮ ದೇಶಕ್ಕಿಂತ 15 ಗಂಟೆ 30 ನಿಮಿಷ ಹಿಂದೆ. ಇಲ್ಲಿ ಶುಕ್ರವಾರದ ಸಂಜೆ ಆರು ಎಂದರೆ ತಿರುಪತಿಯಲ್ಲಿ ಆಗಲೇ ಶನಿವಾರ ಬೆಳಿಗ್ಗೆ ಒಂಬತ್ತೂವರೆ.

“ತಿಮ್ಮಪ್ಪ ಇರೋದು ಅಲ್ಲಿ. ಅವನ ಗಡಿಯಾರ ನೋಡ್ಬೇಕಲ್ವಾ?” ಎಂದಳು.

“ಹಾಗಾದ್ರೆ ನಾಳೆ ಸಂಜೆ ಅಲ್ಲಿ ಭಾನುವಾರ ಅಮ್ಮ, ನಾಳೆ ತಿನ್ನು” ಎಂದಳು ಮಗಳು.

“ನಾಳೆ ಇಲ್ಲಿ ಶನಿವಾರ ಅಲ್ವೇನೆ?”

ಅಂತರರಾಷ್ಟ್ರೀಯ ದಿನರೇಖೆಯನ್ನು ಎಳೆದವರು ಇಂಥ ಭಕ್ತರನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ. ಹರಕೆ ಎರಡು ದಿನಕ್ಕೆ ಹಿಗ್ಗಿತು. ಆಂಟಿಗೆ ಇದನ್ನು ವಿವರಿಸಿದಾಗ ಅವಳು ಕಣ್ಣನ್ನೂ ಮಿಟುಕಿಸದೆ ಪೋಯಿ, ಬೇಯಿಸಿದ ಗೆಣಸು, ಅನ್ನ, ಹೌಪಿಯಾ ಎಂದು ಬರೆದುಕೊಂಡಳು. ದೇವರ ವಿಷಯದಲ್ಲಿ ಹವಾಯಿಯವರು ವಾದ ಮಾಡುವುದಿಲ್ಲ.

ತಟ್ಟೆಗಳು ಬಂದವು. ಚಿಕ್ಕ ಚಿಕ್ಕ ಬಟ್ಟಲುಗಳು, ಒಂದೊಂದಕ್ಕೂ ಒಂದೊಂದು ವಂಶಾವಳಿ. ಕಾಲುವಾ ಎಂಬ ಹಂದಿಮಾಂಸವನ್ನು ಹಬ್ಬದ ದಿನ ನೆಲದಲ್ಲಿ ಗುಂಡಿ ತೋಡಿ, ಕಾದ ಕಲ್ಲು ತುಂಬಿ, ಬಾಳೆದಿಂಡು ಮತ್ತು ಎಲೆಗಳ ನಡುವೆ ಹೂತು ಬೇಯಿಸುತ್ತಾರೆ. ಎಳೆ ಎಳೆಯಾಗಿ ಬಿಡಿಸಿದ ಅದರಲ್ಲಿ ಉಪ್ಪು ಮತ್ತು ಹೊಗೆ ಬಿಟ್ಟರೆ ಬೇರೆ ಮಸಾಲೆಯಿಲ್ಲ. ಮೆಣಸಿನ ಕಾಳನ್ನು ಎಣಿಸದೆ ಹಾಕುವ ಮಲೆನಾಡಿನವನಿಗೆ ಮೊದಲ ತುತ್ತು ಮೌನವ್ರತ ಹಿಡಿದಂತಿತ್ತು. ಮೂರನೆಯ ತುತ್ತಿಗೆ ಹಂದಿಗೆ ತನ್ನದೇ ಆದ ರುಚಿಯೊಂದಿದೆ ಎಂದು ತಿಳಿಯಿತು. ಲೋಮಿ ಸಾಲ್ಮನ್ ಎಂಬುದು ಉಪ್ಪುಮೀನು, ಟೊಮೇಟೊ, ಈರುಳ್ಳಿಯನ್ನು ಕೈಯಿಂದ ಹಿಸುಕಿ ಮಾಡಿದ ತಣ್ಣನೆಯ ಕೋಸಂಬರಿ. ಹವಾಯಿಯ ಸಮುದ್ರದಲ್ಲಿ ಸಾಲ್ಮನ್ ಇಲ್ಲವೇ ಇಲ್ಲ. ಅಮೆರಿಕದ ವಾಯವ್ಯ ಕರಾವಳಿಯಿಂದ ಉಪ್ಪು ಹಚ್ಚಿಸಿಕೊಂಡು ಪೀಪಾಯಿಯಲ್ಲಿ ಬಂದದ್ದು. ಪಿಪಿಕೌಲಾ ಒಣಗಿಸಿದ ದನದ ಮಾಂಸ. ದನಗಳು ಬಂದದ್ದು 1793ರಲ್ಲಿ, ಕ್ಯಾಪ್ಟನ್ ವ್ಯಾಂಕೂವರ್ ಅವನ್ನು ರಾಜ ಕಮೆಹಮೆಹನಿಗೆ ಕಾಣಿಕೆ ಕೊಟ್ಟಾಗ. ರಾಜ ಅವನ್ನು ಕೊಲ್ಲಬಾರದೆಂದು ಕಟ್ಟಪ್ಪಣೆ ಮಾಡಿದ; ದನಗಳು ಕಾಡುಬಿದ್ದು ಬೆಳೆದವು; ಕೊನೆಗೆ ಹಿಡಿಯುವುದಕ್ಕೆ ಮೆಕ್ಸಿಕೊ ಕಡೆಯಿಂದ ಗೋಪಾಲರನ್ನೇ ಕರೆಸಬೇಕಾಯಿತು. ಚಿಕನ್ ಲಾಂಗ್ ರೈಸ್‌ನಲ್ಲಿ ಅಕ್ಕಿಯಿಲ್ಲ, ಚೀನಾದ ಹೆಸರುಕಾಳಿನ ಶ್ಯಾವಿಗೆ ಇದೆ. ಹಾಗಾದರೆ ಈ ‘ಮೂಲ’ ಊಟದಲ್ಲೂ ಅರ್ಧ ಜನ ಹಡಗಿನಿಂದ ಇಳಿದವರೇ! ಇದನ್ನು ಮಗಳಿಗೆ ಹೇಳಿದರೆ, “ಹಳೆಯ ಹಡಗಿನವರು ಹವಾಯಿಯನ್, ಹೊಸ ಹಡಗಿನವರು ಲೋಕಲ್. ಅಷ್ಟೇ ಅಪ್ಪ” ಎಂದಳು.

ಕೊನೆಗೆ ಬಂತು ಲಾವ್‌ಲಾವ್, ಹಸಿರು ಪೊಟ್ಟಣ. ಹೊರಗಿನದು ಟೀ ಎಂಬ ಗಿಡದ ಎಲೆ. ಚಹಾಕ್ಕೂ ಇದಕ್ಕೂ ಸಂಬಂಧವಿಲ್ಲ, ತಿನ್ನುವಂತೆಯೂ ಇಲ್ಲ. ಆಂಟಿ ಅದನ್ನು ಬಿಡಿಸಿ ತೋರಿಸಿದಳು. ಒಳಗೆ ಇನ್ನೊಂದು ಎಲೆ, ಬೆಂದು ಕಪ್ಪುಹಸಿರಾಗಿ, ಹಂದಿಮಾಂಸವನ್ನೂ ಒಂದು ತುಂಡು ಮೀನನ್ನೂ ತಬ್ಬಿಕೊಂಡಿತ್ತು. ಹೆಂಡತಿ ಕುರ್ಚಿಯಿಂದ ಅರ್ಧ ಎದ್ದಳು.

“ರೀ, ಇದು ನಮ್ಮ ಕೆಸಿನ ಎಲೆ ಅಲ್ವಾ?”

ಹೌದು, ಅದೇ. ಅಲ್ಲಿ ಅದರ ಹೆಸರು ಕಲೋ. ಏಷ್ಯಾದ ಕಡೆಯ ಗಿಡ. ಪೆಸಿಫಿಕ್ ಸಾಗರ ದಾಟುವಾಗ ಪಾಲಿನೇಷಿಯನ್ ಜನ ಹಂದಿ, ಕೋಳಿ, ಬಾಳೆ, ಕಬ್ಬಿನ ಜೊತೆ ಇದನ್ನೂ ದೋಣಿಯಲ್ಲಿ ಕೂರಿಸಿಕೊಂಡು ಬಂದರು. ಹೆಂಡತಿಗೆ ಇತಿಹಾಸ ಬೇಕಿರಲಿಲ್ಲ. ತುರಿಕೆಯ ವಿಷಯ ಬೇಕಿತ್ತು. ಕೆಸುವಿನಲ್ಲಿ ಸೂಜಿಯಂಥ ಹರಳುಗಳಿವೆ, ಹಸಿಬಿಸಿ ಬೆಂದರೆ ಗಂಟಲು ಕೆರೆಯುತ್ತದೆ. ನಮ್ಮವರು ಪತ್ರೊಡೆಗೆ ಹುಳಿ ರುಬ್ಬುವುದು ಅದಕ್ಕೇ. “ಹುಳಿ ಹಾಕಲ್ವಂತಾ? ಕೇಳು, ಕೇಳು” ಎಂದು ಮಗಳನ್ನು ದುಬಾಷಿ ಮಾಡಿದಳು. ಹುಳಿಯಿಲ್ಲ, ಗಂಟೆಗಟ್ಟಲೆ ಹಬೆಯಲ್ಲಿಡುತ್ತೇವೆ ಎಂದಳು ಆಂಟಿ. ಹೆಂಡತಿ ಹುಳಿಯ ಪರ, ಆಂಟಿ ಹಬೆಯ ಪರ. ಗೆಣಸು ಆರುವವರೆಗೆ ಚರ್ಚೆ ನಡೆಯಿತು. ಒಂದು ಲಾವ್‌ಲಾವನ್ನು ಭಾನುವಾರಕ್ಕೆಂದು ಪಾರ್ಸೆಲ್ ಕಟ್ಟಿಸಲಾಯಿತು. ಎರಡೂ ದೇಶಗಳ ಶನಿವಾರ ಮುಗಿಯುವವರೆಗೆ ಅದು ಫ್ರಿಜ್ಜಿನಲ್ಲಿ ತಪಸ್ಸು ಮಾಡಬೇಕಿತ್ತು.

ನಮ್ಮೂರಲ್ಲಿ ಕೆಸುವಿನ ಸ್ಥಾನ ಬಚ್ಚಲ ನೀರು ಹರಿಯುವ ಕಡೆ. ಯಾರೂ ನೆಡುವುದಿಲ್ಲ, ಮಳೆಗಾಲದಲ್ಲಿ ತಾನೇ ಏಳುತ್ತದೆ, ಬೇಕಾದವರು ಕೊಯ್ಯುತ್ತಾರೆ. ಹವಾಯಿಯಲ್ಲಿ ಅದು ಮನುಷ್ಯನ ಅಣ್ಣ. ಆಕಾಶಪಿತ ವಾಕೇಅನಿಗೂ ಹೋಓಹೋಕುಕಲಾನಿಗೂ ಮೊದಲು ಹುಟ್ಟಿದ ಮಗು ಉಸಿರಿಲ್ಲದೆ ಬಂತಂತೆ; ಅದನ್ನು ಮಣ್ಣು ಮಾಡಿದ ಜಾಗದಲ್ಲಿ ಕೆಸುವಿನ ಗಿಡ ಹುಟ್ಟಿತು. ಎರಡನೆಯ ಮಗು ಹಾಲೋವಾ ಮನುಷ್ಯರ ಮೂಲಪುರುಷ. ಅಣ್ಣ ಉಣ್ಣಿಸಬೇಕು, ತಮ್ಮ ಅಣ್ಣನ ಬುಡಕ್ಕೆ ನೀರು ಬಿಡಬೇಕು, ಇದು ಒಪ್ಪಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಸಕ್ಕರೆ ಕಂಪನಿಗಳು ಹೊಳೆಗಳನ್ನೇ ಕಬ್ಬಿನ ತೋಟಕ್ಕೆ ತಿರುಗಿಸಿಕೊಂಡಾಗ ಒಪ್ಪಂದ ಮುರಿಯಿತು. ಕೆಸುವಿನ ಗದ್ದೆಗಳು ಒಣಗಿದವು. ಮಾವಿ ದ್ವೀಪದ ಕೊನೆಯ ಸಕ್ಕರೆ ತೋಟ 2016ರಲ್ಲಿ ಮುಚ್ಚಿದರೂ ಅಣ್ಣನ ಆಸ್ತಿ ಇನ್ನೂ ಪೂರ್ತಿ ಮರಳಿಲ್ಲ. ಪೋಯಿ ದುಬಾರಿಯಾಗಿರುವುದೂ, ‘ಇವತ್ತು ಇದೆ’ ಎಂದು ಗೋಡೆಗೆ ಚೀಟಿ ಹಚ್ಚಬೇಕಾಗಿರುವುದೂ ಈ ಕಾರಣಕ್ಕೆ.

ಇನ್ನು ಪೋಯಿ. ಕೆಸುವಿನ ಗೆಡ್ಡೆಯನ್ನು ಬೇಯಿಸಿ, ಕಲ್ಲಿನ ಗುಂಡಿನಿಂದ ಮರದ ಹಲಗೆಯ ಮೇಲೆ ಕುಟ್ಟಿ, ನೀರು ಬೆರೆಸಿದ ನೇರಳೆಬೂದು ಬಣ್ಣದ ಮುದ್ದೆ. ಎಷ್ಟು ಬೆರಳಲ್ಲಿ ಎತ್ತಬಹುದು ಎಂಬುದರ ಮೇಲೆ ಅದರ ಗಟ್ಟಿತನ ಹೇಳುತ್ತಾರೆ: ಒಂದು ಬೆರಳಿನದು ಗಟ್ಟಿ, ಮೂರು ಬೆರಳಿನದು ತೆಳು. ಮೊದಲ ದಿನ ಸಪ್ಪೆ. ಎರಡು ಮೂರು ದಿನಕ್ಕೆ ಹುಳಿಯೇರುತ್ತದೆ, ಹಳೆಯ ತಲೆಗಳಿಗೆ ಆಗಲೇ ಅದು ಪೋಯಿ. ಹಲ್ಲಿಲ್ಲದ ಮಗುವಿಗೂ, ಹಲ್ಲು ಬಿದ್ದ ಅಜ್ಜನಿಗೂ ಅದೇ. ಹೊರಗಿನವರು ಮಾತ್ರ ಒಂದು ಚಮಚ ನೆಕ್ಕಿ, ಗೋಡೆಗೆ ಕಾಗದ ಅಂಟಿಸುವ ಗೋಂದು ಎಂದು ತೀರ್ಪು ಕೊಟ್ಟು ಏಳುತ್ತಾರೆ. ನಮ್ಮ ಅಳಿಯನೂ ಮೊದಲ ವರ್ಷ ಹಾಗೇ ಅಂದಿದ್ದನಂತೆ.

ಆಂಟಿ ನನಗೆ ಕ್ರಮ ಹೇಳಿಕೊಟ್ಟಳು. ಉಪ್ಪುಪ್ಪಾದ ಲೋಮಿ ಸಾಲ್ಮನ್ ಸ್ವಲ್ಪ, ಮೇಲೆ ಪೋಯಿ. ಕಾಲುವಾ ಒಂದೆಳೆ, ಮತ್ತೆ ಪೋಯಿ. ಹಸಿ ಈರುಳ್ಳಿಗೆ ಕೆಂಪುಪ್ಪು ಹಚ್ಚಿ ಕಚ್ಚಿ, ಮತ್ತೆ ಪೋಯಿ. ಆಗ ತಿಳಿಯಿತು. ಹೊಗೆ, ಉಪ್ಪು, ಕೊಬ್ಬು, ಈರುಳ್ಳಿಯ ಘಾಟು, ಎಲ್ಲವೂ ಬಾಯಲ್ಲಿ ತಮ್ಮ ತಮ್ಮ ಮಾತನ್ನೇ ಎತ್ತರದ ದನಿಯಲ್ಲಿ ಆಡುತ್ತಿರುವಾಗ ಪೋಯಿ ನಡುವೆ ಕುಳಿತು ಒಬ್ಬೊಬ್ಬರಿಗೂ ಕಿವಿಗೊಡುತ್ತಿತ್ತು. ದೊಡ್ಡ ಸಂಸಾರದ ಹಿರಿಯಣ್ಣನ ಕೆಲಸವೇ ಅದು. ಅವನನ್ನು ಒಬ್ಬನೇ ಕೂರಿಸಿ ಮಾತಾಡಿಸಿದರೆ ಏನೂ ಹೇಳುವುದಿಲ್ಲ. ಅವನಿಲ್ಲದ ದಿನ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ.

ಹಿಂದೆ ಈ ಪಂಕ್ತಿಯಲ್ಲಿ ಹೆಂಡತಿಗೆ ಜಾಗವೇ ಇರುತ್ತಿರಲಿಲ್ಲ ಎಂದು ಮಗಳು ಹೇಳಿದಳು. ಗಂಡಸರು ಹೆಂಗಸರು ಒಟ್ಟಿಗೆ ಕುಳಿತು ಉಣ್ಣುವಂತಿರಲಿಲ್ಲ. ಹಂದಿ, ತೆಂಗಿನಕಾಯಿ, ಹೆಚ್ಚಿನ ಬಾಳೆಗಳು ಹೆಂಗಸರಿಗೆ ನಿಷಿದ್ಧ. ಇಬ್ಬರಿಗೂ ಬೇರೆ ಬೇರೆ ಒಲೆ, ಎರಡರಲ್ಲೂ ಅಡುಗೆ ಗಂಡಸರದೇ. 1819ರಲ್ಲಿ ರಾಣಿ ಕಅಹುಮನು ಮತ್ತು ರಾಜಮಾತೆ ಕೆಓಪುಒಲಾನಿ ಒತ್ತಾಯಿಸಿದ್ದರಿಂದ, ತರುಣ ರಾಜ ಲಿಹೋಲಿಹೋ ಹೆಂಗಸರ ಪಂಕ್ತಿಯಲ್ಲಿ ಕುಳಿತು ಉಂಡ. ಆ ಒಂದು ಊಟದಿಂದ ಹಳೆಯ ಧರ್ಮವ್ಯವಸ್ಥೆಯೇ ಕುಸಿಯಿತು. ಹೌಪಿಯಾ, ಅಂದರೆ ತೆಂಗಿನಹಾಲಿನ ಬಿಳಿ ಬರ್ಫಿಯನ್ನು ಕತ್ತರಿಸುತ್ತಿದ್ದ ಹೆಂಡತಿ ಕೈ ನಿಲ್ಲಿಸಿ, “ಅಡುಗೆಯನ್ನೂ ಗಂಡಸರೇ ಮಾಡ್ತಿದ್ರಾ? ಹಾಗಿದ್ಮೇಲೆ ಆ ರಾಣಿ ಯಾಕೆ ಅಷ್ಟು ಅವಸರ ಮಾಡಿದ್ಲು?” ಎಂದಳು. ನಾನೂ ಅಳಿಯನೂ ಈರುಳ್ಳಿಯ ಕಡೆ ಗಮನ ಕೊಟ್ಟೆವು.

ಬಿಲ್ಲು ಬಂತು. ನಾನು ಕೈ ಚಾಚಿದೆ, ಅಳಿಯ ಮೊದಲೇ ಚಾಚಿದ್ದ. “ಬಿಡಿ ಮಾವ.” “ಏ, ಬಿಡಪ್ಪ ನೀನು.” ಮಾವ ಅಳಿಯಂದಿರ ಈ ಕುಸ್ತಿಗೆ ಸಾಗರ ದಾಟಿದರೂ ನಿಯಮ ಬದಲಾಗುವುದಿಲ್ಲ: ಸೋತವನೂ ಗೆಲ್ಲುವವನಂತೆ ಎಳೆಯಬೇಕು. ಆಂಟಿ ಬೆರಳೆತ್ತಿ ಪೋಯಿಯ ಬಟ್ಟಲನ್ನು ತೋರಿಸಿದಳು. ತಳದಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು. ಪೋಯಿಯ ಬಟ್ಟಲು ತೆರೆದಿರುವಾಗ ಅದರ ಮುಂದೆ ಜಗಳವಾಡಬಾರದು, ಅದರಲ್ಲಿ ಆ ಹಿರಿಯಣ್ಣ ಕೂತಿರುತ್ತಾನೆ, ಇದು ಅಲ್ಲಿಯ ಮನೆಮನೆಯ ಕಟ್ಟಳೆ. ನಾವಿಬ್ಬರೂ ಬಿಲ್ಲಿನ ಒಂದೊಂದು ತುದಿ ಹಿಡಿದು ಸುಮ್ಮನೆ ಕುಳಿತೆವು.

ಹೆಂಡತಿ ಬಟ್ಟಲನ್ನು ಹತ್ತಿರ ಎಳೆದುಕೊಂಡು, ಎರಡು ಬೆರಳಲ್ಲಿ ಕೊನೆಯ ತುತ್ತನ್ನು ಬಳಿದು ಬಾಯಿಗಿಟ್ಟುಕೊಂಡು, ಬಟ್ಟಲನ್ನು ಬೋರಲು ಹಾಕಿದಳು.

“ಹ್ಞೂಂ, ಈಗ ಶುರು ಮಾಡಿ” ಎಂದಳು.