ತೋಪು ಬೇಡ, ಬಸ್ಸು ಸಾಕು

ಚುನಾಯಿತ ನಾಯಕರು ಉರುಳಿದ ಕಥೆಗಳನ್ನು ಸಾಕ್ಷ್ಯಚಿತ್ರ ಮಾಡುವ ಸಮಸ್ತ ನಿರ್ದೇಶಕರಿಗೆ ವಿಜಯಪುರದ ಗಾಂಧಿ ಚೌಕದಿಂದ ಶರಣು.

ಚಿಲಿಯಲ್ಲಿ ಅಯೆಂದೆ ಇದ್ದ ಅರಮನೆ ಮೇಲೆ ವಿಮಾನಗಳು ಬಾಂಬು ಹಾಕಿದ್ದನ್ನು ತಾವು ತೋರಿಸಿದಿರಿ. 2002ರಲ್ಲಿ ವೆನೆಜುವೆಲಾದ ಚಾವೆಸ್‌ರನ್ನು ಹಿಡಿದೊಯ್ದಾಗ ಐರ್ಲೆಂಡಿನ ನಿಮ್ಮವರಿಬ್ಬರು ಕ್ಯಾಮೆರಾ ಹಿಡಿದು ಅರಮನೆಯೊಳಗೇ ಇದ್ದರು. ಎರಡೇ ದಿನಕ್ಕೆ ಆ ಮನುಷ್ಯ ತಿರುಗಿ ಬಂದು ಕುರ್ಚಿ ಏರಿದ. ನೋಡಲಿಕ್ಕೆ ಛಲೋ. ಆದರೆ ಖರ್ಚು ಎಷ್ಟ್ರೀ! ಇಂಥ ದುಂದು ನಮ್ಮ ಕಡೆ ನಡೆಯೂದಿಲ್ಲ. ತೋಪೇ ಬೇಕೆಂದರೆ ಷೆರ್ಜಾ ಬುರುಜಿನ ಮೇಲೆ 1549ರಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ್ ಇದೆ, ತೂಕ ಸುಮಾರು 55 ಟನ್. ಪ್ರವಾಸಿಗರು ಅದರ ಮುಂದೆ ನಿಂತು ಸೆಲ್ಫಿ ಹೊಡೆಯುತ್ತಾರೆ. ಸರ್ಕಾರ ಕೆಡವಲು ಅದನ್ನು ಮುಟ್ಟುವ ಪ್ರಸಂಗವೇ ಬಂದಿಲ್ಲ.

ನಮ್ಮ ಕರ್ನಾಟಕದ 1989ರ ಏಪ್ರಿಲ್ ನೋಡಿ, ಐದೇ ದಿನದ ಚಿತ್ರಕಥೆ. 17ರಂದು ಜನತಾದಳದ ಶಾಸಕ ಮೊಳಕೇರಿ ಪಕ್ಷ ಬಿಟ್ಟು, ಬೆಂಬಲ ವಾಪಸ್ಸು ಪಡೆದ 19 ಪತ್ರಗಳನ್ನು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈಗಿಟ್ಟರು. 19ರಂದು ರಾಜಭವನದಿಂದ ದಿಲ್ಲಿಗೆ ವರದಿ ಹೋಯಿತು. 20ರಂದು ಆ ಹತ್ತೊಂಬತ್ತರಲ್ಲಿ ಏಳು ಮಂದಿ, ‘ನಮಗೆ ತಪ್ಪು ತಿಳಿಸಿ ಸಹಿ ಹಾಕಿಸಿಕೊಂಡರು, ನಾವು ಸರ್ಕಾರದ ಜೊತೆಗೇ ಇದ್ದೇವೆ’ ಎಂದು ಬರೆದುಕೊಟ್ಟರು. ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಹೋಗಿ, 27ಕ್ಕೆ ಹೇಗೂ ಅಧಿವೇಶನ ಇದೆ, ಬೇಕಾದರೆ ಇನ್ನೂ ಮೊದಲೇ ಕರೆಯುತ್ತೇನೆ, ಸದನದಲ್ಲೇ ತಲೆ ಎಣಿಸಿರಿ ಎಂದರು. ರಾಜ್ಯಪಾಲರು ಅದೇ ದಿನ ಇನ್ನೊಂದು ವರದಿ ಕಳಿಸಿದರು. 21ಕ್ಕೆ ಸರ್ಕಾರವೂ ಇಲ್ಲ, ವಿಧಾನಸಭೆಯೂ ಇಲ್ಲ. ಒಂದು ಗುಂಡು ಹಾರಲಿಲ್ಲ, ಒಂದು ಗಾಜು ಒಡೆಯಲಿಲ್ಲ. ಒಟ್ಟು ಸಾಮಗ್ರಿ ಕಾಗದ, ಪೆನ್ನು, ಟಪಾಲು.

ನಮ್ಮ ಚೌಕದ ಹೆಸರಿನದೇ ಒಂದು ಪೊಲೀಸ್ ಠಾಣೆ ಇದೆ. ಕಿಸೆ ಕತ್ತರಿಸಿದರೆ ದೂರು ಬರೆದುಕೊಳ್ಳುತ್ತಾರೆ. ಸರ್ಕಾರ ಕಳುವಾದರೆ ಯಾವ ಕಲಂ ಹಾಕಬೇಕು?

ಕೋರ್ಟು ಇಲ್ಲವೇ ಎನ್ನುತ್ತೀರಿ. ಇದೆಯಲ್ಲ! ಹೈಕೋರ್ಟು ಅರ್ಜಿ ವಜಾ ಮಾಡಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು: ಬಹುಮತದ ಪರೀಕ್ಷೆ ರಾಜಭವನದ ಕೋಣೆಯಲ್ಲಲ್ಲ, ಸದನದಲ್ಲಿ, ಸರ್ಕಾರವನ್ನು ವಜಾ ಮಾಡಿದ್ದು ತಪ್ಪು. ಬೊಮ್ಮಾಯಿ ಗೆದ್ದರು. ಗೆದ್ದ ಹೊತ್ತಿಗೆ ವೀರೇಂದ್ರ ಪಾಟೀಲ, ಬಂಗಾರಪ್ಪ ಇಬ್ಬರೂ ಬಂದು ಹೋಗಿ ಕುರ್ಚಿಯಲ್ಲಿ ವೀರಪ್ಪ ಮೊಯಿಲಿ ಕೂತಿದ್ದರು. ಮನೆ ಕೆಡವಿದ್ದು ತಪ್ಪು, ಆದರೆ ಆ ಜಾಗದಲ್ಲಿ ಬೇರೆಯವರು ಮನೆ ಕಟ್ಟಿ ಗೃಹಪ್ರವೇಶ ಮುಗಿಸಿದ್ದಾರೆ, ಏನು ಮಾಡಲಿಕ್ಕಾಗುತ್ತದೆ ಎಂದ ಹಾಗೆ. ನಿಮ್ಮ ಚಾವೆಸ್‌ಗೆ ಎರಡು ದಿನ. ನಮ್ಮವರಿಗೆ ಐದು ವರ್ಷಕ್ಕೆ ತುಸು ಕಡಿಮೆ, ಅದೂ ಕುರ್ಚಿಯಿಲ್ಲದೆ. (ವೀರೇಂದ್ರ ಪಾಟೀಲರದು ಇನ್ನೂ ಅಗ್ಗದ ಚಿತ್ರ. 178 ಸ್ಥಾನ ಗೆದ್ದ ಪಕ್ಷದ ಮುಖ್ಯಮಂತ್ರಿ. 1990ರಲ್ಲಿ ಹಾಸಿಗೆ ಹಿಡಿದಿದ್ದಾಗ ರಾಜೀವ್ ಗಾಂಧಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ವಿಷಯ ಮುಗಿಸಿದರು.)

ಕಪ್ಪು-ಬಿಳುಪಿನ ಕಾಗದ ಬೇಡ, ಬಣ್ಣ ಬೇಕು ಎಂದರೆ 2019ರ ಜುಲೈ ಇದೆ. ಬಂಡೆದ್ದ ಶಾಸಕರು ಮುಂಬೈಯ ಹೋಟೆಲಿನ ಒಳಗೆ, ಕ್ಯಾಮೆರಾಗಳು ಗೇಟಿನ ಹೊರಗೆ. ಡಿ.ಕೆ. ಶಿವಕುಮಾರ್ ನಾನೂ ರೂಮು ಹಿಡಿದಿದ್ದೇನೆಂದು ಹೋದರೆ ಹೋಟೆಲಿನವರು ಬುಕಿಂಗೇ ರದ್ದು ಮಾಡಿದರು. ಗಂಟೆಗಟ್ಟಲೆ ಗೇಟಿನಲ್ಲಿ ಕಾದ ಮೇಲೆ ಪೊಲೀಸರು ಕರೆದೊಯ್ದರು. ಅದಕ್ಕೂ ಎರಡು ವರ್ಷ ಮೊದಲು ಗುಜರಾತಿನ ಕಾಂಗ್ರೆಸ್ ಶಾಸಕರನ್ನು ಬಿಡದಿ ಕಡೆಯ ರೆಸಾರ್ಟಿನಲ್ಲಿ ಕಾಯ್ದವರೂ ಇದೇ ಶಿವಕುಮಾರ್! ಪಾತ್ರಗಳಿಗೆ ಪಕ್ಷಭೇದವಿಲ್ಲ, ಗಮನಿಸಿರಿ. 23ರ ಸಂಜೆ ಕುಮಾರಸ್ವಾಮಿ ಸರ್ಕಾರಕ್ಕೆ 99, ವಿರುದ್ಧ 105. ಸದನದಲ್ಲೇ ಎಣಿಸಿದರು, ಬೊಮ್ಮಾಯಿ ತೀರ್ಪಿನ ಪ್ರಕಾರ, ಒಂದಿಷ್ಟೂ ಲೋಪವಿಲ್ಲದೆ. ಸದನಕ್ಕೆ ಬಾರದವರನ್ನು ಎಲ್ಲಿ ಎಣಿಸಬೇಕೆಂದು ತೀರ್ಪಿನಲ್ಲಿ ಬರೆದಿರಲಿಲ್ಲ. ಅವರ ಪೈಕಿ ಅನರ್ಹರಾದ 17 ಮಂದಿಯಲ್ಲಿ ಹತ್ತು ಜನ ಮುಂದಿನ ಫೆಬ್ರವರಿಯಲ್ಲಿ ಸಚಿವರಾದರು. ಹಾಗೆ ಹುಟ್ಟಿದ ಸರ್ಕಾರದಲ್ಲಿ ಗೃಹಮಂತ್ರಿಯಾಗಿ, 2021ರಲ್ಲಿ ಮುಖ್ಯಮಂತ್ರಿಯೂ ಆದವರು ಬಸವರಾಜ ಬೊಮ್ಮಾಯಿ, ಎಸ್.ಆರ್. ಬೊಮ್ಮಾಯಿಯವರ ಮಗ. ಇಂಥದ್ದನ್ನು ಕಥೆಯಲ್ಲಿ ಬರೆದರೆ ‘ಅತಿಯಾಯಿತು’ ಎಂದು ನೀವೇ ಹೊಡೆದು ಹಾಕುತ್ತೀರಿ.

ಚಿತ್ರೀಕರಣಕ್ಕೆ ಬರುವುದಾದರೆ ಮೊದಲೇ ತಿಳಿಸಿ. ಚುರಮುರಿ, ಚಾ ನಮ್ಮದು. ಜನರ ಪಾತ್ರಕ್ಕೆ ಟಿಕೋಟಾ, ಬಬಲೇಶ್ವರದಿಂದ ಎಷ್ಟು ಬೇಕಾದರೂ ಮಂದಿ ಬರುತ್ತಾರೆ, ದ್ರಾಕ್ಷಿ ಕೊಯ್ಲಿನ ದಿನ ಮಾತ್ರ ಬೇಡ. ಸಂಭಾಷಣೆ ಕಲಿಸುವ ತಾಪತ್ರಯವಿಲ್ಲ: 1989ರಲ್ಲೂ 2019ರಲ್ಲೂ ಅವರಿಗೆ ಒಂದು ಮಾತೂ ಇರಲಿಲ್ಲ. ಬಸ್ಸಿನ ಚಾರ್ಜು ಮಾತ್ರ ಮುಂಗಡ ಕೊಡಬೇಕು.

ಇಂತಿ,
ಗಾಂಧಿ ಚೌಕದ ಒಬ್ಬ ಮತದಾರ