ಟೊಮೇಟೊ ಪರವಾಗಿ ಒಂದು ವಕಾಲತ್ತು

ಬೆಲೆ ಏರಿಕೆಯ ಮಾತು ಬಂದಾಗಲೆಲ್ಲ ನಮ್ಮಲ್ಲಿ ಮೊದಲು ಕಟಕಟೆ ಹತ್ತುವುದು ಟೊಮೇಟೊ. ಅದರ ಹಿಂದೆಯೇ ಈರುಳ್ಳಿ, ಬೆಳ್ಳುಳ್ಳಿ, ಚಳಿಗಾಲವಾದರೆ ನುಗ್ಗೇಕಾಯಿ. ಮೈಕ್ ಹಿಡಿದ ಟೀವಿ ವರದಿಗಾರ ಓಡುವುದು ತರಕಾರಿ ಮಾರುಕಟ್ಟೆಗೇ ಹೊರತು ಸೂಪರ್ ಮಾರ್ಕೆಟ್ಟಿನ ಬಿಸ್ಕತ್ತಿನ ಸಾಲಿಗಲ್ಲ. ಕುರುಕಲು ತಿಂಡಿಯ ಪೊಟ್ಟಣ ತೋರಿಸಿ 'ಗೃಹಿಣಿಯರ ಕಣ್ಣಲ್ಲಿ ನೀರು' ಎಂದು ಯಾವ ಚಾನೆಲ್ಲೂ ಕೂಗಿದ್ದನ್ನು ಯಾರೂ ಕೇಳಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವ ಈ ಪದ್ಧತಿ ನೋಡಿ ನೋಡಿ ಬೇಸತ್ತು, ಯಾರೂ ಕೇಳಿಕೊಳ್ಳದಿದ್ದರೂ, ಫೀಸಿನ ಆಸೆಯಂತೂ ಇಲ್ಲದೆ, ನಾನು ಟೊಮೇಟೊ ಪರವಾಗಿ ವಕಾಲತ್ತು ಹಾಕಿದ್ದೇನೆ. ಒಂದು ಹಣ್ಣಿನ ಮಾನ ಉಳಿಸಲು ಸರ್ಕಾರಿ ಅಂಕಿ ಅಂಶ ಹರಡಿಕೊಂಡು ಕೂರುವುದು ಮರ್ಯಾದಸ್ಥರು ಮಾಡುವ ಕೆಲಸವಲ್ಲ ಎಂಬುದು ನನಗೂ ಗೊತ್ತು. ಗೊತ್ತಿದ್ದೂ ಮಾಡುವುದರಲ್ಲಿ ಒಂದು ಖುಷಿಯಿದೆ. ನನ್ನ ವಾದ ಇಷ್ಟೇ: ವಾರದ ಚೀಲದ ದುಡ್ಡನ್ನು ತಿನ್ನುವುದು ಡಂಗುರ ಹೊಡೆದುಕೊಂಡು ಏರುವ ಪದಾರ್ಥವಲ್ಲ, ಸದ್ದಿಲ್ಲದೆ ಏರಿ, ಏರಿದಲ್ಲೇ ಕಾಲು ಚಾಚಿ ಕೂರುವ ಪದಾರ್ಥ.

ಆರೋಪಿಯ ಮೇಲಿರುವ ದೊಡ್ಡ ಕೇಸು 2023ರ ಜುಲೈ ತಿಂಗಳದ್ದು. ಕೋಲಾರದ ಎಪಿಎಂಸಿಯಲ್ಲಿ ಹದಿನೈದು ಕೆಜಿಯ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತು. ಅಂಗಡಿಯಲ್ಲಿ ಕೆಜಿಗೆ ನೂರು, ನೂರೈವತ್ತು ಎಂದರು. ಬೇಲೂರು ತಾಲ್ಲೂಕಿನ ಹೊಲವೊಂದರಿಂದ ಲಕ್ಷಗಟ್ಟಲೆ ಬೆಲೆಯ ಟೊಮೇಟೊ ರಾತ್ರೋರಾತ್ರಿ ಕಳುವಾಗಿ ಪೊಲೀಸ್ ದೂರು ದಾಖಲಾಯಿತು. ದೆಹಲಿಯಲ್ಲಿ ಕೇಂದ್ರ ಸರ್ಕಾರ ವ್ಯಾನುಗಳಲ್ಲಿ ರಿಯಾಯಿತಿ ದರಕ್ಕೆ ಮಾರಿಸಿತು, ನೇಪಾಳದಿಂದ ತರಿಸುವ ಮಾತು ಸಂಸತ್ತಿನವರೆಗೂ ಹೋಯಿತು. ಆ ತಿಂಗಳ ಚಿಲ್ಲರೆ ಹಣದುಬ್ಬರ ಶೇ 7.44ಕ್ಕೆ ಜಿಗಿದಾಗ ಎಲ್ಲರ ಬೆರಳೂ ಒಂದೇ ಕಡೆ ತಿರುಗಿತು. ಇಷ್ಟೆಲ್ಲ ನಿಜ, ನನ್ನ ಕಕ್ಷಿದಾರ ಇದ್ಯಾವುದನ್ನೂ ಅಲ್ಲಗಳೆಯುವುದಿಲ್ಲ. ಆದರೆ ಲೆಕ್ಕ ಹಾಕೋಣ. ನಾಲ್ಕು ಜನರ ಮನೆ ವಾರಕ್ಕೆ ಎರಡು ಕೆಜಿ ತರುತ್ತದೆ ಎಂದುಕೊಳ್ಳಿ. ಮೂವತ್ತು ರೂಪಾಯಿಯದು ನೂರೈವತ್ತಾದರೆ ವಾರಕ್ಕೆ ಹೆಚ್ಚಾಗುವುದು ಇನ್ನೂರ ನಲವತ್ತು. ಅದೂ ಯಾವಾಗ? ಬೆಲೆ ಏರಿದ ಮೇಲೂ ಆ ಮನೆ ಎರಡೇ ಕೆಜಿ ತಂದರೆ. ಯಾರೂ ತರಲಿಲ್ಲ. ಸಾರಿಗೆ ಹುಣಸೆಹಣ್ಣು ಬಂತು, ಗೊಜ್ಜು ಎರಡು ತಿಂಗಳು ರಜೆ ಹಾಕಿತು. ಸೆಪ್ಟೆಂಬರ್ ಬರುವಷ್ಟರಲ್ಲಿ ಬೆಲೆ ನೆಲ ಕಚ್ಚಿ, ಬೆಳೆದವರೇ ರಸ್ತೆ ಬದಿಗೆ ಸುರಿಯುವ ಸ್ಥಿತಿ ಬಂತು. ಏರಿದಾಗ ಕೂಗಿದ ಬಾಯಿಗಳಲ್ಲಿ ಇಳಿದಾಗ ಎಷ್ಟು ತೆರೆದವು? ಕಡಿಮೆ ಬೆಲೆಯಲ್ಲಿ ಉಳಿದ ದುಡ್ಡನ್ನು 'ಟೊಮೇಟೊ ಬಾಬ್ತು' ಎಂದು ಡಬ್ಬಿಯಲ್ಲಿ ಎತ್ತಿಟ್ಟವರು ಎಷ್ಟು ಮಂದಿ?

ಈಗ ಸಾಕ್ಷ್ಯಕ್ಕೆ ಬರೋಣ. ಕೇಂದ್ರ ಸರ್ಕಾರದ 2022-23ರ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆಯ ಪ್ರಕಾರ ದೇಶದ ನಗರವಾಸಿ ತನ್ನ ಖರ್ಚಿನ ನೂರು ರೂಪಾಯಿಯಲ್ಲಿ ಆಹಾರಕ್ಕೆ ಹಾಕುವುದು ಸುಮಾರು ಮೂವತ್ತೊಂಬತ್ತು. ಅದರಲ್ಲಿ ಎಲ್ಲ ತರಕಾರಿಗೂ ಸೇರಿ ಹೋಗುವುದು 3.80 ರೂಪಾಯಿ. ಟೊಮೇಟೊ, ಈರುಳ್ಳಿ, ಆಲೂಗಡ್ಡೆ, ಸೊಪ್ಪು, ಹುಳ ಬಿದ್ದ ಬದನೆಕಾಯಿ ಎಲ್ಲ ಇಷ್ಟರೊಳಗೇ. ಅದೇ ನೂರರಲ್ಲಿ ಪಾನೀಯ, ತಿಂಡಿ, ಸಂಸ್ಕರಿಸಿದ ಆಹಾರ ಎಂಬ ಬಾಬ್ತಿಗೆ ಹೋಗುವುದು 10.64 ರೂಪಾಯಿ! ಹೆಚ್ಚುಕಡಿಮೆ ಮೂರು ಪಟ್ಟು. ಹೋಟೆಲಿನ ದೋಸೆಯೂ ಇದರಲ್ಲೇ ಸೇರಿದೆ ಎಂದು ಎದುರು ವಕೀಲರು ಎದ್ದು ನಿಲ್ಲಬಹುದು. ಸೇರಿದೆ, ಒಪ್ಪಿದೆ. ಆದರೆ ಹೋಟೆಲಿನವನು ದೋಸೆಗೆ ಐದು ರೂಪಾಯಿ ಏರಿಸಿದಾಗ 'ಮೂವತ್ತೈದಕ್ಕೆ ಕೊಡಪ್ಪ' ಎಂದು ಚೌಕಾಸಿ ಮಾಡಿದ ಗಿರಾಕಿಯನ್ನು ನನ್ನ ಮುಂದೆ ನಿಲ್ಲಿಸಲಿ, ವಾದ ಅಲ್ಲಿಗೇ ಕೈಬಿಡುತ್ತೇನೆ. ಇನ್ನೊಂದು ಸಾಕ್ಷ್ಯ: 2025ರ ಅಕ್ಟೋಬರ್‌ನಲ್ಲಿ ಚಿಲ್ಲರೆ ಹಣದುಬ್ಬರ ಶೇ 0.25ಕ್ಕೆ ಇಳಿಯಿತು. ತರಕಾರಿ ಬೆಲೆಯಂತೂ ಹಿಂದಿನ ವರ್ಷಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಕುಸಿದಿತ್ತು. ತರಕಾರಿಯೇ ಖರ್ಚಿನ ಖಳನಾಯಕ ಎನ್ನುವುದಾದರೆ ಆ ತಿಂಗಳು ಮನೆಮನೆಯಲ್ಲಿ ಹೋಳಿಗೆ ಊಟ ನಡೆಯಬೇಕಿತ್ತು. ನಡೆಯಲಿಲ್ಲ. ತಿಂಗಳ ಕೊನೆಗೆ ಪರ್ಸು ಎಂದಿನಷ್ಟೇ ತೆಳ್ಳಗಿತ್ತು, ಟೊಮೇಟೊ ಮೇಲೆ ಗೂಬೆ ಕೂರಿಸುವ ಅವಕಾಶ ಮಾತ್ರ ತಪ್ಪಿಹೋಗಿತ್ತು.

ಬೆಲೆ ಏರುವುದೇ ಬೇರೆ, ಖರ್ಚು ಏರುವುದೇ ಬೇರೆ. ಇದನ್ನು ಕನ್ನಡನಾಡಿಗೆ ಐವತ್ತು ಮಿಲಿಲೀಟರ್ ಹಾಲು ಕಲಿಸಿಕೊಟ್ಟಷ್ಟು ಚೆನ್ನಾಗಿ ಯಾವ ಅರ್ಥಶಾಸ್ತ್ರದ ಪುಸ್ತಕವೂ ಕಲಿಸಿಲ್ಲ. 2024ರ ಜೂನ್ ಕೊನೆಯಲ್ಲಿ ನಂದಿನಿ ಹಾಲಿನ ಪ್ರತಿ ಪ್ಯಾಕೆಟ್ಟಿಗೂ ಎರಡು ರೂಪಾಯಿ ಹೆಚ್ಚಾಯಿತು, ಜೊತೆಗೆ ಒಳಗೆ ಐವತ್ತು ಮಿಲಿ ಹಾಲೂ ಹೆಚ್ಚಾಯಿತು. ಬೆಲೆ ಏರಿಸಿಲ್ಲ, ಹಾಲು ಜಾಸ್ತಿ ಕೊಟ್ಟಿದ್ದೇವೆ ಎಂದಿತು ಸರ್ಕಾರ. ಭಾಗಾಕಾರ ಮಾಡಿ ನೋಡಿದರೆ ಮಾತು ಸರಿಯೇ. ಲೀಟರಿಗೆ ನಲವತ್ತೆರಡು ಇದ್ದದ್ದು 1,050 ಮಿಲಿಗೆ ನಲವತ್ತನಾಲ್ಕಾದರೆ ಮಿಲಿಯೊಂದರ ಬೆಲೆ ಕೂದಲೆಳೆಯಷ್ಟು ಇಳಿದೇ ಇದೆ. ಮಾತು ಇಲ್ಲಿಗೇ ನಿಲ್ಲಿಸಬಹುದಿತ್ತು, ನಿಲ್ಲಿಸಲು ಮನಸ್ಸು ಬರುತ್ತಿಲ್ಲ. ಏಕೆಂದರೆ ಆ ಐವತ್ತು ಮಿಲಿಯನ್ನು ಕೇಳಿದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. ಐವತ್ತು ಮಿಲಿ ಎಂದರೆ ಒಂದು ಲೋಟ ಕಾಫಿಗೆ ಕಡಿಮೆ, ಬೈ-ಟುವಿನ ಒಂದು ಪಾಲಿಗೆ ತುಸು ಜಾಸ್ತಿ. ಅದನ್ನು ಬೇರೆ ಎತ್ತಿಡಲು ಪಾತ್ರೆಯಿಲ್ಲ, ಇದ್ದರೂ ಆಮೇಲೆ ಅದನ್ನು ತೊಳೆಯುವ ನೀರು ಹಾಲಿಗಿಂತ ಹೆಚ್ಚು. ದಿನಕ್ಕೊಂದು ಪ್ಯಾಕೆಟ್ಟಿನ ಮನೆಗೆ ತಿಂಗಳಿಗೆ ಒಂದೂವರೆ ಲೀಟರ್ ಹೆಚ್ಚುವರಿ ಹಾಲು ಬಂದಿರಬೇಕು. ಆ ಒಂದೂವರೆ ಲೀಟರನ್ನು ಕಣ್ಣಾರೆ ಕಂಡವರಿದ್ದರೆ ಮುಂದೆ ಬರಲಿ. ಅದು ಹೆಚ್ಚುವರಿ ಮೊಸರಾಗಲಿಲ್ಲ, ಪಾಯಸವಾಗಲಿಲ್ಲ. ಅರ್ಧ ಲೀಟರಿಗೆಂದು ಅಳತೆ ನೋಡಿ ಕೊಂಡ ಪಾತ್ರೆಯಲ್ಲಿ ಐನೂರ ಐವತ್ತು ಮಿಲಿ ಕಾಯಿಸಿದ್ದರಿಂದ ಒಂದಷ್ಟು ಉಕ್ಕಿ ಒಲೆಯ ಪಾಲಾಗಿರಬೇಕು. ಮಿಕ್ಕಿದ್ದು ಕಾಫಿಯ ಬಣ್ಣವನ್ನು ಯಾರಿಗೂ ಗೊತ್ತಾಗದಷ್ಟು ತಿಳಿಯಾಗಿಸಿರಬೇಕು. ಕಂಡದ್ದು, ಕೈಗೆ ಸಿಕ್ಕದ್ದು, ಲೆಕ್ಕದ ಪುಸ್ತಕಕ್ಕೆ ಬಂದದ್ದು ತಿಂಗಳಿಗೆ ಅರವತ್ತು ರೂಪಾಯಿ ಮಾತ್ರ. ಮುಂದೆ 2025ರ ಏಪ್ರಿಲ್ 1ರಂದು (ತಾರೀಖನ್ನು ನಾನು ಆರಿಸಿದ್ದಲ್ಲ) ಆ ಐವತ್ತು ಮಿಲಿ ಹೇಗೆ ಬಂದಿತ್ತೋ ಹಾಗೆಯೇ ಹೊರಟುಹೋಯಿತು. ಅದರ ಜೊತೆ ಬಂದಿದ್ದ ಎರಡು ರೂಪಾಯಿ ಮಾತ್ರ ಹೋಗಲಿಲ್ಲ. ಉಳಿದುಕೊಂಡು, ಊರಿನಿಂದ ಇನ್ನೆರಡು ರೂಪಾಯಿಯನ್ನು ಕರೆಸಿಕೊಂಡಿತು. ಲೀಟರಿಗೆ ನಲವತ್ತಾರು. ಹಾಲು ಹೋದದ್ದಕ್ಕೆ ಯಾರ ಮನೆಯ ಕಾಫಿಯೂ ಕಪ್ಪಾಗಲಿಲ್ಲ, ಬಂದಾಗ ಬಿಳುಪಾಗಿದ್ದರಲ್ಲವೆ! ಹತ್ತು ತಿಂಗಳೊಳಗೆ ಹೀಗೆ ಬಂದು ಹೋದ ಅತಿಥಿಗೆ ಒಬ್ಬರಾದರೂ ಬರುವಾಗ ನಮಸ್ಕಾರ, ಹೋಗುವಾಗ ತಾಂಬೂಲ ಕೊಡಲಿಲ್ಲ ಎಂಬುದು ನನಗೆ ಈಗಲೂ ಒಂದು ಕೊರಗು.

ಹೆಚ್ಚಾದ ದುಡ್ಡು ಹೈನುಗಾರರಿಗೆ ಹೋಗುತ್ತದೆ ಎಂದು ಆಗ ಹೇಳಿದರು. ಮೇವು, ಹಿಂಡಿಯ ಬೆಲೆ ಬಲ್ಲವರು ಅದಕ್ಕೆ ತಕರಾರು ತೆಗೆಯಲಾರರು, ನಾನೂ ತೆಗೆಯುವುದಿಲ್ಲ. ನಾನು ಹೇಳುವುದು ಇಷ್ಟೇ, ಹಾಲಿನ ಬೆಲೆ ಟೊಮೇಟೊ ಬೆಲೆಯ ಹಾಗೆ ಸೆಪ್ಟೆಂಬರ್‌ನಲ್ಲಿ ವಾಪಸು ಬರುವುದಿಲ್ಲ. ಮಿಕ್ಕವುಗಳ ಕಥೆಯೂ ಇದೇ. ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರದೇಶದ್ದು. 2024ರ ಸೆಪ್ಟೆಂಬರ್‌ನಲ್ಲಿ ಕಚ್ಚಾ ಅಡುಗೆ ಎಣ್ಣೆಯ ಆಮದು ಸುಂಕ ಶೇ 5.5ರಿಂದ 27.5ಕ್ಕೆ ಏರಿದ್ದು ನಮ್ಮ ಒಗ್ಗರಣೆ ಸೌಟಿಗೂ ತಟ್ಟಿತು. ಕಾಫಿ ಪುಡಿ ದುಬಾರಿಯಾಯಿತು, ದೇಶದ ಕಾಫಿಯ ಸಿಂಹಪಾಲು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲೇ ಬೆಳೆದರೂ. ಐದು ರೂಪಾಯಿಯ ಬಿಸ್ಕತ್ತು ವರ್ಷಗಟ್ಟಲೆ ಐದೇ ರೂಪಾಯಿಯಲ್ಲಿ ಉಳಿಯಿತು, ಪೊಟ್ಟಣ ಮಾತ್ರ ವರ್ಷದಿಂದ ವರ್ಷಕ್ಕೆ ಉಪವಾಸ ಮಾಡಿತು. 2022ರ ಜುಲೈನಲ್ಲಿ ಇಪ್ಪತ್ತೈದು ಕೆಜಿವರೆಗಿನ ಪ್ಯಾಕ್ ಮಾಡಿದ ಅಕ್ಕಿಗೆ ಶೇ 5 ಜಿಎಸ್‌ಟಿ ಬಿದ್ದ ಕೂಡಲೇ ಅಂಗಡಿಗಳಲ್ಲಿ ಇಪ್ಪತ್ತಾರು ಕೆಜಿಯ ಚೀಲ ಹುಟ್ಟಿಕೊಂಡಿತು. ತೆರಿಗೆ ಉಳಿಸಲು ಒಂದು ಕೆಜಿ ಹೆಚ್ಚು ಹೊತ್ತು ಮೆಟ್ಟಿಲು ಹತ್ತಿದ ಬೆನ್ನುಗಳ ಲೆಕ್ಕ ಯಾವ ಇಲಾಖೆಯಲ್ಲೂ ಇಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ನಗುತ್ತ ದಾಟಲು ಆಗುವುದಿಲ್ಲ. ಇದೆಲ್ಲ ಪೊಟ್ಟಣ ಕೊಳ್ಳುವ ಶಕ್ತಿಯಿದ್ದವರ ಲೆಕ್ಕ, ದಿನಗೂಲಿಯ ಮನೆಗೆ ಟೊಮೇಟೊ ನೂರೈವತ್ತಾದರೆ ನಿಜವಾಗಿಯೂ ನೋವಲ್ಲವೆ? ನೋವೇ. ಹಳ್ಳಿಗಳಲ್ಲಿ ಖರ್ಚಿನ ನೂರರಲ್ಲಿ ನಲವತ್ತಾರು ರೂಪಾಯಿ ಹೊಟ್ಟೆಗೇ ಹೋಗುತ್ತದೆ ಎನ್ನುತ್ತದೆ ಅದೇ ಸಮೀಕ್ಷೆ. ಅದು ಸರಾಸರಿ, ಕೆಳಗಿನ ಮೆಟ್ಟಿಲಲ್ಲಿ ಇನ್ನೂ ಹೆಚ್ಚು. ಅಲ್ಲಿ ಬೆಲೆ ಏರಿದಾಗ ಪದಾರ್ಥ ಬದಲಾಗುವುದಿಲ್ಲ, ತಟ್ಟೆಯಿಂದ ಮಾಯವಾಗುತ್ತದೆ. ಮೊದಲು ಬೇಳೆ ನೀರಾಗುತ್ತದೆ, ಆಮೇಲೆ ಮೊಟ್ಟೆ ಮಕ್ಕಳಿಗೆ ಮಾತ್ರ ಎಂದಾಗುತ್ತದೆ, ಕೊನೆಗೆ ತಾಯಿ ತನಗೆ ಹಸಿವಿಲ್ಲ ಎನ್ನುತ್ತಾಳೆ. ಆ ಮನೆಗೆ ಟೊಮೇಟೊ ವಿರುದ್ಧ ದೂರು ಕೊಡುವ ಪೂರ್ಣ ಹಕ್ಕಿದೆ. ಆದರೆ ಟೀವಿಯಲ್ಲಿ ಮಾತಾಡುವವರು ಆ ಮನೆಯವರಲ್ಲ. ಬೆಲೆ ಏರಿಕೆಯ ಬಗ್ಗೆ ಅತಿ ಗಟ್ಟಿಯಾಗಿ ಕೂಗುವವರು ಅದರಿಂದ ಅತಿ ಕಡಿಮೆ ನೊಂದವರು, ಮತ್ತು ಕೂಗಿದ ಮೇಲೆ ಅವರು ಚೌಕಾಸಿ ಮಾಡುವುದು ತಮಗಿಂತ ಹೆಚ್ಚು ನೊಂದವರ ಜೊತೆ. ತಳ್ಳುಗಾಡಿಯ ಹೆಂಗಸಿನ ಹತ್ತಿರ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಇಳಿಸಿ, ಕೊಸರಿಗೆ ಕರಿಬೇವು ಕಿತ್ತುಕೊಂಡು, ಗೆದ್ದ ಮುಖದಲ್ಲಿ ಕಾರು ಹತ್ತುವವರನ್ನು ಕಂಡರೆ ನನ್ನ ವಕೀಲಿ ಗಾಂಭೀರ್ಯ ಹಾರಿಹೋಗುತ್ತದೆ. ಟೊಮೇಟೊ, ಈರುಳ್ಳಿ, ಆಲೂಗಡ್ಡೆಯ ಮೇಲೆ ನಾವು ಕೊಡುವ ರೂಪಾಯಿಯಲ್ಲಿ ಬೆಳೆದವನಿಗೆ ತಲುಪುವುದು ಮೂರನೇ ಒಂದು ಭಾಗ, ಅಥವಾ ಅದಕ್ಕಿಂತ ತುಸು ಹೆಚ್ಚು ಎಂದು ರಿಸರ್ವ್ ಬ್ಯಾಂಕಿನ 2024ರ ಅಧ್ಯಯನವೊಂದು ಹೇಳಿದೆ. ನಾವು ಕಿತ್ತುಕೊಳ್ಳುವ ಎರಡು ರೂಪಾಯಿಯಲ್ಲಿ ಮಾತ್ರ ಗಾಡಿಯವಳಿಗೂ ಹೊಲದವನಿಗೂ ಪೂರ್ತಿ ಪಾಲಿದೆ.

ಎರಡನೆಯ ಆಕ್ಷೇಪ ಅಡುಗೆಮನೆಯಿಂದಲೇ ಬರುತ್ತದೆ. ಪೊಟ್ಟಣ ಬೈಯುವುದು ಸುಲಭ, ಹಿಟ್ಟು ರುಬ್ಬುವವರು ಯಾರು? ದೋಸೆ ಹಿಟ್ಟು, ಸಾಂಬಾರ್ ಪುಡಿ, ಸುಲಿದ ಬೆಳ್ಳುಳ್ಳಿಯ ಪೇಸ್ಟ್ ಇವೆಲ್ಲ ಕೆಲಸದಿಂದ ಏಳು ಗಂಟೆಗೆ ಮನೆ ಸೇರುವ ಹೆಂಗಸಿಗೆ ಒಂದು ಗಂಟೆಯ ಬಿಡುವು ಕೊಟ್ಟಿವೆ, ಆ ಗಂಟೆಗೆ ಬೆಲೆಯಿಲ್ಲವೆ? ಇದೆ. 'ನಮ್ಮಜ್ಜಿ ಎಲ್ಲ ಮನೆಯಲ್ಲೇ ಕುಟ್ಟುತ್ತಿದ್ದರು' ಎಂದು ಹೇಳುವ ಗಂಡಸರಿಗೆ ಒನಕೆ ಕೈಗೆ ಕೊಟ್ಟು ಆಮೇಲೆ ಮಾತಾಡಿಸಬೇಕು. ಹಾಗಾಗಿ ಹಿಟ್ಟಿನ ಪ್ಯಾಕೆಟ್ಟನ್ನು ನಾನು ಆರೋಪಪಟ್ಟಿಯಿಂದ ಕೈಬಿಟ್ಟಿದ್ದೇನೆ. ನನ್ನ ತಕರಾರು ಇರುವುದು ಯಾರ ಶ್ರಮವನ್ನೂ ಉಳಿಸದ ಪೊಟ್ಟಣಗಳ ಮೇಲೆ. ಒಂದು ಕೊಂಡರೆ ಒಂದು ಉಚಿತ ಎಂದು ಬಂದ ಸಕ್ಕರೆ ಪಾನೀಯ, ಹೆಚ್ಚಿನ ಪಾಲು ಗಾಳಿ ತುಂಬಿದ ಚಿಪ್ಸ್, 'ಮಲ್ಟಿಗ್ರೇನ್' ಎಂಬ ಒಂದೇ ಪದಕ್ಕಾಗಿ ಹೆಚ್ಚು ಬೆಲೆ ತೆತ್ತ ಬಿಸ್ಕತ್ತು, ಇವುಗಳಿಂದ ಯಾವ ಹೆಂಗಸಿಗೂ ಒಂದು ನಿಮಿಷ ಉಳಿದಿಲ್ಲ. ಇವು ಚೀಲಕ್ಕೆ ಬೀಳುವಾಗ ಯಾರೂ ಬೆಲೆ ಕೇಳುವುದಿಲ್ಲ, ಏಕೆಂದರೆ ಬೆಲೆ ಮುದ್ರಿತವಾಗಿದೆ. ಮುದ್ರಿತ ಬೆಲೆಗೆ ನಾವು ಕೊಡುವಷ್ಟು ಗೌರವವನ್ನು ಸಂವಿಧಾನಕ್ಕೂ ಕೊಡುವುದಿಲ್ಲ. ಬಾಯಲ್ಲಿ ಹೇಳಿದ ಬೆಲೆ ಮೋಸ, ಅಚ್ಚಾದ ಬೆಲೆ ಸತ್ಯ, ಇದು ನಮ್ಮ ನಂಬಿಕೆ.

ಅಚ್ಚಾದದ್ದನ್ನೇ ನಂಬುವುದಾದರೆ ಪೂರ್ತಿ ಓದಿ ಎಂಬುದು ನನ್ನ ಕೋರಿಕೆ. ಪ್ಯಾಕೆಟ್ಟಿನ ಮೇಲೆ ಎಂಆರ್‌ಪಿಯ ಜೊತೆಗೆ ಗ್ರಾಮಿಗೆ ಅಥವಾ ಕೆಜಿಗೆ ಎಷ್ಟು ಬೀಳುತ್ತದೆ ಎಂಬುದನ್ನೂ ಮುದ್ರಿಸಬೇಕೆಂಬ ಕಾನೂನು ಈಗ ಜಾರಿಯಲ್ಲಿದೆ. ಸಾಮಾನ್ಯವಾಗಿ ಅದು ಪೊಟ್ಟಣದ ಬೆನ್ನಿನ ಮೇಲೆ, ಬೆಸುಗೆಯ ಮಡಿಕೆಯ ಹತ್ತಿರ, ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿರುತ್ತದೆ. ಚಿಪ್ಸ್ ಪೊಟ್ಟಣದ ಮೇಲಿನ ಆ ಸಂಖ್ಯೆಯನ್ನು ಸಾವಿರದಿಂದ ಗುಣಿಸಿ, ಪಕ್ಕದ ಬುಟ್ಟಿಯಲ್ಲಿರುವ ಆಲೂಗಡ್ಡೆಯ ಬೆಲೆಯ ಜೊತೆ ಇಟ್ಟು ನೋಡಿ. ಮುಂದಿನ ವಾರ ಸಂತೆಗೆ ಹೋಗುವಾಗ ಚೀಲ ಮರೆತರೂ ಚಿಂತೆಯಿಲ್ಲ, ಕನ್ನಡಕ ಮರೆಯಬೇಡಿ.